ಟ್ಯಾಂಕ್ ಮೊದಲು ಹೋಗಲಿ ಸ್ವಾಮಿ

‘ಟ್ಯಾಂಕ್ ಒಬ್ಬ ಬೇಕು, ಉಳಿದವರೆಲ್ಲ ರೆಡಿ’ ಅಂತ ಕಂಪ್ಯೂಟರಿನ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಚಾಟ್‌ನಲ್ಲಿ ಅರ್ಧ ಗಂಟೆಯಿಂದ ಗೋಗರೆಯುತ್ತಿರುವ ನಾಲ್ವರು, ರಾಕ್ಷಸರ ಏಟೆಲ್ಲ ತನ್ನ ಮೇಲೆ ಎಳೆದುಕೊಳ್ಳಬೇಕಾದ ಟ್ಯಾಂಕ್ ಬಂದು ನಿಂತ ಕೂಡಲೇ ‘ಗೋ ಗೋ ಗೋ’ ಅಂತ ಶುರು ಮಾಡುತ್ತಾರೆ. ಅಷ್ಟು ಹೊತ್ತು ಕಾದವರಿಗೆ ಇನ್ನು ಹತ್ತು ಸೆಕೆಂಡು ಕಾಯುವ ತ್ರಾಣ ಇರುವುದಿಲ್ಲ. ಆ ಟ್ಯಾಂಕ್ ನಾನೇ. ನಾನಿನ್ನೂ ಗುರಾಣಿ ಕೈಗೆ ತಗೊಂಡಿಲ್ಲ, ಗಾಯ ವಾಸಿ ಮಾಡುವ ಹೀಲರ್ ಬಾಗಿಲು ದಾಟಿ ಒಳಗೇ ಬಂದಿಲ್ಲ, ಅಷ್ಟರಲ್ಲಿ ಮಂತ್ರವಾದಿ ಮೇಜ್ ಮಹಾಶಯ ದೂರದಲ್ಲಿ ತನ್ನ ಪಾಡಿಗೆ ತಾನು ನಿಂತಿದ್ದ ರಾಕ್ಷಸನಿಗೆ ಬೆಂಕಿಯುಂಡೆ ಎಸೆದಾಗಿರುತ್ತದೆ. ಅದು ಹಲ್ಲು ಕಡಿಯುತ್ತ ಬರುತ್ತದೆ. ಈಗ ಮೇಜ್ ನನ್ನ ಕಡೆ ಓಡಿ ಬರಬೇಕು ತಾನೆ? ಇಲ್ಲ. ನನಗೆ ಸರಿಯಾಗಿ ವಿರುದ್ಧ ದಿಕ್ಕಿಗೆ ಓಡುತ್ತಾನೆ. ಅವನ ಹಿಂದೆ ರಾಕ್ಷಸ, ರಾಕ್ಷಸನ ಹಿಂದೆ ನಾನು, ನನ್ನ ಹಿಂದೆ ‘ಎಲ್ಲಿಗೆ ಹೋಗ್ತಿದ್ದೀರಿ?’ ಅಂತ ಕೇಳುತ್ತ ಹೀಲರ್. ಒಂದು ಮೆರವಣಿಗೆ.

ಟ್ಯಾಂಕ್ ಅಂದರೆ ಐದು ಜನರ ಗುಂಪಿನ ಹಿರಿ ಸೊಸೆ. ಮನೆಯವರ ಸಿಟ್ಟೆಲ್ಲ ಅವಳ ಮೇಲೇ ಬೀಳಬೇಕು, ಬೀಳದಿದ್ದರೆ ಅದೂ ಅವಳದೇ ತಪ್ಪು. ಮೇಜ್ ಸತ್ತರೆ ‘ಟ್ಯಾಂಕ್ ಹಿಡಿಯಲಿಲ್ಲ’, ಹೀಲರ್ ಸತ್ತರೆ ‘ಟ್ಯಾಂಕ್ ನೋಡಲಿಲ್ಲ’, ಟ್ಯಾಂಕೇ ಸತ್ತರೆ ‘ಟ್ಯಾಂಕ್ ವೀಕು’. ಭಾರತಕ್ಕೆಂದು ಬೇರೆ ಸರ್ವರ್ ಇಲ್ಲವಾದ್ದರಿಂದ ಈ ಮಾತುಗಳನ್ನೆಲ್ಲ ನಾನು ಯೂರೋಪಿನವರ ಕೈಲಿ ಕೇಳಿಸಿಕೊಳ್ಳಬೇಕು. ಅವರು ಊಟ ಮುಗಿಸಿ ರಾತ್ರಿ 8ಕ್ಕೆ ಹಾಯಾಗಿ ಕೂತರೆ ಬೆಂಗಳೂರಿನಲ್ಲಿ ಚಳಿಗಾಲದ 12.30. ಗುಂಡಿ ಒತ್ತಿದ್ದು ಅಲ್ಲಿಗೆ ಹೋಗಿ ಉತ್ತರ ಬರಲು ಹತ್ತಿರ ಹತ್ತಿರ 200 ಮಿಲಿಸೆಕೆಂಡು. ಅಂದರೆ ನನಗೆ ಕಾಣುವ ರಾಕ್ಷಸ ಸ್ವಲ್ಪ ಹಳೆಯ ರಾಕ್ಷಸ.

ಜನಕ್ಕೆ ಒಂದು ಭ್ರಮೆ ಇದೆ, ಟ್ಯಾಂಕ್ ಕೆಲಸ ಅಂದರೆ ದಪ್ಪ ಕವಚ ತೊಟ್ಟು ಹೊಡೆಸಿಕೊಳ್ಳುವುದು ಅಂತ. ಹೊಡೆಸಿಕೊಳ್ಳುವುದೇನು, ಯಾರು ಬೇಕಾದರೂ ಮಾಡುತ್ತಾರೆ, ಮೇಜ್ ಅಂತೂ ದಿನಾ ಮಾಡುತ್ತಾನೆ. ಕಷ್ಟ ಇರುವುದು ‘ಥ್ರೆಟ್’ ಅನ್ನುವ ಲೆಕ್ಕದಲ್ಲಿ. ಯಾರು ಎಷ್ಟು ಹೊಡೆದರು, ಯಾರು ಎಷ್ಟು ವಾಸಿ ಮಾಡಿದರು ಅಂತ ಪ್ರತಿ ರಾಕ್ಷಸನ ತಲೆಯೊಳಗೂ ಒಂದು ಖಾತೆ ಪುಸ್ತಕ ಇರುತ್ತದೆ. ಯಾರ ಬಾಕಿ ಜಾಸ್ತಿಯೋ ಅವರನ್ನು ಹಿಡಿದು ಬಡಿಯುವುದು ಅದರ ಧರ್ಮ. ಆದರೂ ಅದು ನ್ಯಾಯವಂತ ಪ್ರಾಣಿ. ಪಕ್ಕದಲ್ಲಿ ನಿಂತು ಹೊಡೆಯುವವನ ಲೆಕ್ಕ ನನ್ನದರ 110 ಪರ್ಸೆಂಟ್ ದಾಟುವವರೆಗೆ, ದೂರ ನಿಂತು ಹೊಡೆಯುವವನದು 130 ದಾಟುವವರೆಗೆ ನನ್ನನ್ನು ಬಿಟ್ಟು ಕದಲುವುದಿಲ್ಲ. ಇಷ್ಟು ರಿಯಾಯಿತಿ ಕೊಟ್ಟರೂ ಈ ಜನ ಮೀರುತ್ತಾರೆ! ನನ್ನ ಪಾತ್ರ ವಾರಿಯರ್, ಅವನ ಕಥೆ ಇನ್ನೂ ವಿಚಿತ್ರ. ಅವನ ಶಕ್ತಿಯೆಲ್ಲ ‘ರೇಜ್’ ಅನ್ನುವ ಕೆಂಪು ಪಟ್ಟಿಯಲ್ಲಿದೆ. ಹೊಡೆದರೆ, ಹೊಡೆಸಿಕೊಂಡರೆ ಅದು ತುಂಬುತ್ತದೆ, ಸುಮ್ಮನಿದ್ದರೆ ಸೋರಿಹೋಗುತ್ತದೆ. ಜಗಳ ಶುರುವಾಗುವಾಗ ಪಟ್ಟಿ ಖಾಲಿ. ಹಾಗಾಗಿ ಮೊದಲ ಕೆಲವು ಸೆಕೆಂಡು ನನಗೆ ಬಿಟ್ಟುಕೊಡಿ, ಎರಡು ಸಲ ‘ಸಂಡರ್’ ಅನ್ನುವ, ಥ್ರೆಟ್ ಏರಿಸುವ ಏಟು ಹಾಕಿಕೊಳ್ಳುತ್ತೇನೆ, ಆಮೇಲೆ ನಿಮ್ಮ ಬೆಂಕಿ ಮಂಜು ಎಲ್ಲ ಸುರಿಯಿರಿ ಅನ್ನುವುದು ನನ್ನ ಕೋರಿಕೆ. ಯಾರೂ ಕೇಳುವುದಿಲ್ಲ. ಪರದೆಯ ಮೇಲೆ ನನ್ನ ಪಟ್ಟಿ ಖಾಲಿ, ಕುರ್ಚಿಯ ಮೇಲೆ ತುಂಬಿ ತುಳುಕುತ್ತಿರುತ್ತದೆ.

ಚೆನ್ನಾಗಿ ಮಾಡಿದ ಟ್ಯಾಂಕ್ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ, ಅದೇ ಅದರ ದುರದೃಷ್ಟ. ಮಂತ್ರ ಹಾಕುವ ರಾಕ್ಷಸರು ದೂರ ನಿಂತೇ ಎಸೆಯುತ್ತಾರೆ, ಹತ್ತಿರ ಬರುವುದಿಲ್ಲ. ಒಂದೇಟು ಹಾಕಿ ಗೋಡೆಯ ಮರೆಗೆ ಸರಿದರೆ ಪಾಪ, ಎಲ್ಲಿ ಹೋದ ಅಂತ ಹುಡುಕಿಕೊಂಡು ತಾವಾಗಿ ಕಾಲ ಬುಡಕ್ಕೆ ಬರುತ್ತಾರೆ. ಆದರೆ ಆ ಮರೆಯಲ್ಲಿ ನಾನು ಮಾತ್ರ ಅಲ್ಲ, ಐದೂ ಜನ ಇರಬೇಕು. ನಾಲ್ವರಲ್ಲಿ ಒಬ್ಬ ಬಾಗಿಲ ನಡುವೆ ಬಂದು ನಿಂತು ‘ಯಾಕೆ ಓಡಿದೆ?’ ಅಂತ ಟೈಪ್ ಮಾಡುತ್ತಿರುತ್ತಾನೆ. ಡ್ರ್ಯಾಗನ್ ಆದರೆ ಮುಖ ಗೋಡೆ ಕಡೆಗೆ, ಉಳಿದವರು ಪಕ್ಕೆಯಲ್ಲಿ, ಯಾಕೆಂದರೆ ಮುಂದೆ ಬೆಂಕಿ, ಹಿಂದೆ ಬಾಲ. ನಾನು ಅದನ್ನು ಇಂಚಿಂಚಾಗಿ ತಿರುಗಿಸಿ ನಿಲ್ಲಿಸಿದರೆ, ‘ಇಲ್ಲಿ ಜಾಗ ಖಾಲಿ ಇದೆ’ ಅಂತ ಒಬ್ಬ ಅದರ ಮೂಗಿನ ಮುಂದೇ ಬಂದು ನಿಲ್ಲುತ್ತಾನೆ. ಯಾರನ್ನು ಮೊದಲು ಹೊಡೆಯಬೇಕು ಅಂತ ತಲೆಬುರುಡೆ ಗುರುತು ಹಾಕುತ್ತೇನೆ. ಆ ಗುರುತು ದೊಡ್ಡದು, ಬೆಳ್ಳಗಿನದು, ರಾಕ್ಷಸನ ನೆತ್ತಿಯ ಮೇಲೆ ತೇಲುತ್ತಿರುತ್ತದೆ. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೊಡೆಯುತ್ತಾರೆ.

ಇಷ್ಟನ್ನೂ ಸಹಿಸಬಹುದು. ಮೊನ್ನೆಯ ಹಂಟರ್ ವಿಷಯಕ್ಕೆ ಬರುತ್ತೇನೆ.

ಆಟದ ಹಳೆಯ ರೂಪವನ್ನು 2019ರ ಆಗಸ್ಟ್‌ನಲ್ಲಿ ‘ಕ್ಲಾಸಿಕ್’ ಅಂತ ಮತ್ತೆ ಬಿಟ್ಟರಲ್ಲ, ಅಲ್ಲಿ ಹೊಸದಾಗಿ ಬೆಳೆಸುತ್ತಿರುವ ವಾರಿಯರ್ ನನ್ನದು. ಹೋಗಿದ್ದು ನೋಮ್‌ರೆಗನ್‌ಗೆ. ನೆಲದಡಿಯ ಕುಳ್ಳರ ಊರು ಅದು. ನುಗ್ಗಿಬಂದ ರಾಕ್ಷಸರಾದ ಟ್ರಾಗ್‌ಗಳನ್ನು ಓಡಿಸಲು ವಿಕಿರಣ ಬಿಟ್ಟು, ಕೊನೆಗೆ ತಮ್ಮವರನ್ನೇ ಬಹುಪಾಲು ಕೊಂದುಕೊಂಡ ಬುದ್ಧಿವಂತರು. ನಮ್ಮ ಗುಂಪಿನ ಹಂಟರ್‌ಗೆ ಅದು ಸರಿಯಾದ ಜಾಗ. ಗಡ್ಡದ ಡ್ವಾರ್ಫ್. ಜೊತೆಗೆ ಸಾಕಿದ ಕಾಡುಹಂದಿ. ಹಂದಿಯ ಹೆಸರು ಬೇಕನ್.

ಬೇಕನ್‌ಗೆ ‘ಗ್ರೌಲ್’ ಅಂತ ಒಂದು ವಿದ್ಯೆ ಇದೆ. ಗುರ್ ಅಂದು ರಾಕ್ಷಸನ ಗಮನವನ್ನು ತನ್ನ ಕಡೆ ಎಳೆಯುತ್ತದೆ. ಒಂಟಿಯಾಗಿ ಅಲೆಯುವ ಹಂಟರ್‌ಗೆ ಅದು ಬೇಕು, ಒಪ್ಪಿದೆ. ಟ್ಯಾಂಕ್ ಜೊತೆ ಬಂದಾಗ ಅದನ್ನು ಆಫ್ ಮಾಡಬೇಕು. ಒಂದು ರೈಟ್ ಕ್ಲಿಕ್, ಅಷ್ಟೇ. ‘ಗ್ರೌಲ್ ಆಫ್ ಮಾಡ್ತೀರಾ?’ ಅಂದೆ. ‘ಕೆ’ ಅಂದ. ಓಕೆಯಲ್ಲಿರುವ ‘ಓ’ ಬರೆಯುವಷ್ಟೂ ಪುರುಸೊತ್ತಿಲ್ಲ. ಹಂದಿ ಗುರ್ ಅಂತಲೇ ಇತ್ತು. ನಾನು ಒಂದು ಟ್ರಾಗ್‌ನ ಮುಖ ಈ ಕಡೆ ತಿರುಗಿಸಿದರೆ ಬೇಕನ್ ಆ ಕಡೆ ತಿರುಗಿಸುತ್ತಿತ್ತು. ರಾಕ್ಷಸನನ್ನು ಕೆಣಕಿ ನನ್ನ ಕಡೆ ತಿರುಗಿಸುವ ‘ಟಾಂಟ್’ ಒಮ್ಮೆ ಬಳಸಿದರೆ ಮತ್ತೆ 10 ಸೆಕೆಂಡು ಸಿಗುವುದಿಲ್ಲ, ಹಂದಿಗೆ ಅಷ್ಟು ಕಾಯುವ ಕಷ್ಟವಿಲ್ಲ. ಇನ್ನೊಂದು ಸಲ ಹೇಳಿದೆ. ಮತ್ತೆ ‘ಕೆ’. ಮೇಜ್ ಒಂದು ಶತ್ರುವನ್ನು ಕುರಿ ಮಾಡಿ ನಿಲ್ಲಿಸಿದ್ದ. ಹಂಟರ್ ‘ಮಲ್ಟಿ ಶಾಟ್’ ಬಿಟ್ಟು ಆ ಕುರಿಯನ್ನೂ ಎಬ್ಬಿಸಿದ. ‘ಕುರಿಗೆ ಹೊಡೀಬೇಡ’ ಅಂದ ಮೇಜ್. ಹಂಟರ್ ಏನಂದ ಅಂತ ನಿಮಗೇ ಗೊತ್ತು.

ಒಳಗೆ ಸ್ವಲ್ಪ ದೂರ ಹೋದರೆ ಒಂದು ಎತ್ತರದ ಕಟ್ಟೆ ಬರುತ್ತದೆ. ಅಲ್ಲಿಂದ ಕೆಳಗೆ ಹಾರಿದರೆ ಸುತ್ತು ದಾರಿ ಉಳಿಯುತ್ತದೆ, ಎಲ್ಲರೂ ಹಾರುವುದು ವಾಡಿಕೆ. ಹಾರುವ ಮುಂಚೆ ಸಾಕುಪ್ರಾಣಿಯನ್ನು ‘ಡಿಸ್ಮಿಸ್’ ಮಾಡಬೇಕು ಅನ್ನುವುದು ಈ ಆಟ ಆಡುವ ಸಣ್ಣ ಮಕ್ಕಳಿಗೂ ಗೊತ್ತು. ಯಾಕೆಂದರೆ ಪ್ರಾಣಿ ಹಾರುವುದಿಲ್ಲ. ಒಡೆಯ ಕೆಳಗೆ ಹಾರಿದ ಅಂತ ತಿಳಿದ ಕೂಡಲೇ ಅದು ಕ್ರಮಬದ್ಧವಾಗಿ ದಾರಿ ಹಿಡಿದು, ಸುತ್ತಿ ಬಳಸಿ, ದಾರಿಯಲ್ಲಿ ಸಿಕ್ಕ ಎಲ್ಲರಿಗೂ ಮುಖ ತೋರಿಸಿಕೊಂಡು ಬರುತ್ತದೆ. ನಾನು ಟೈಪ್ ಮಾಡಿದೆ: ‘ಹಂದಿಯನ್ನು ಕಳಿಸಿ, ಆಮೇಲೆ ಹಾರಿ.’

‘ಕೆ.’

ಹಾರಿದೆವು. ಕೆಳಗೆ ನಿಂತು ಎಣಿಸಿದೆ, ಐದೂ ಜನ ಇದ್ದೆವು. ಹಂದಿ ಇರಲಿಲ್ಲ. ಕಳಿಸಿದ್ದಾನೆ, ಪರವಾಗಿಲ್ಲವಲ್ಲ ಅಂದುಕೊಂಡೆ. ಆಮೇಲೆ ಕಣ್ಣು ಹೋದದ್ದು ಪರದೆಯ ಎಡಗಡೆಗೆ. ಹಂಟರ್‌ನ ಹೆಸರಿನ ಕೆಳಗೆ ಬೇಕನ್‌ನ ಹಸಿರು ಜೀವದ ಪಟ್ಟಿ ಇನ್ನೂ ಇತ್ತು. ನಿಧಾನವಾಗಿ ಕಡಿಮೆಯಾಗುತ್ತಿತ್ತು. ‘ಬೇಕನ್ ಎಲ್ಲಿ?’ ಅಂತ ಹೀಲರ್ ಕೇಳಿದಳು. ಹಂಟರ್ ಬರೆದ, ‘ಬರ್ತಾ ಇದೆ.’

ಬಂತು. ಮೊದಲು ಸದ್ದು ಬಂತು, ಎಲ್ಲಿಂದಲೋ ಒಂದು ಅಲಾರಂ ಕೂಗು. ಆಮೇಲೆ ಮೂಲೆಯಲ್ಲಿ ಬೇಕನ್ ಕಾಣಿಸಿತು. ಬಾಲ ನೆಟ್ಟಗೆ ಮಾಡಿಕೊಂಡು, ಒಡೆಯನನ್ನು ಕಂಡ ಖುಷಿಯಲ್ಲಿ ಓಡಿ ಬರುತ್ತಿತ್ತು. ಅದರ ಹಿಂದೆ ಟ್ರಾಗ್‌ಗಳು. ಟ್ರಾಗ್‌ಗಳ ಹಿಂದೆ ವಿಕಿರಣಕ್ಕೆ ಹುಚ್ಚು ಹಿಡಿದ ಕುಳ್ಳರು. ಕುಳ್ಳರ ಹಿಂದೆ ಅವರು ಕಟ್ಟಿದ ಯಂತ್ರಗಳು. ಯಂತ್ರಗಳ ಹಿಂದೆ, ಓಟ ಬರದಿದ್ದರೂ ಹೊರಟು ಬಿಟ್ಟ ಹಸಿರು ಲೋಳೆಗಳು. ನಾವು ಯಾರನ್ನು ತಪ್ಪಿಸಲೆಂದು ಹಾರಿದ್ದೆವೋ ಅವರೆಲ್ಲರನ್ನೂ, ಒಬ್ಬರನ್ನೂ ಬಿಡದೆ, ಬೇಕನ್ ಮನೆಮನೆಗೆ ಹೋಗಿ ಕರೆದುಕೊಂಡು ಬಂದಿತ್ತು.

ಇಂಥ ಹೊತ್ತಿಗೆಂದೇ ವಾರಿಯರ್‌ಗೆ ‘ಚಾಲೆಂಜಿಂಗ್ ಶೌಟ್’ ಅನ್ನುವ ಗರ್ಜನೆ ಇದೆ. ಕೂಗಿದರೆ ಸುತ್ತಲಿನ ಅಷ್ಟೂ ಶತ್ರುಗಳು 6 ಸೆಕೆಂಡು ನನ್ನನ್ನೇ ಹೊಡೆಯಬೇಕು. ಕೂಗಿದೆ. ಅಷ್ಟೂ ಜನ ತಿರುಗಿ ನೋಡಿದರು. 6 ಸೆಕೆಂಡು ಮುಗಿಯುವ ಮೊದಲೇ ನಾನು ಮುಗಿದಿದ್ದೆ. ಆಮೇಲೆ ಹೀಲರ್, ಆಮೇಲೆ ಮೇಜ್, ಆಮೇಲೆ ಅಲ್ಲಿಯವರೆಗೆ ಒಂದು ಮಾತೂ ಆಡದೆ ತನ್ನ ಕೆಲಸ ಮಾಡುತ್ತಿದ್ದ ನಮ್ಮ ಗುಂಪಿನ ಐದನೆಯವ, ಬಡಪಾಯಿ ರೋಗ್. ಬೇಕನ್ ಕೊನೆಯವರೆಗೂ ಹೋರಾಡಿ ಸತ್ತಿತು. ಅದರ ಮೇಲೆ ನನಗೇನೂ ಕೋಪವಿಲ್ಲ, ಹೇಳಿದ ಕೆಲಸ ಮಾಡಿತು. ಹಂಟರ್? ಅವನು ಮುಂಚೆಯೇ ಧೊಪ್ಪನೆ ಬಿದ್ದಿದ್ದ. 30ನೇ ಲೆವೆಲ್‌ನಲ್ಲಿ ಹಂಟರ್‌ಗೆ ‘ಫೇನ್ ಡೆತ್’ ಸಿಗುತ್ತದೆ, ಸತ್ತ ಹಾಗೆ ಬೀಳುವ ವಿದ್ಯೆ. ಗ್ರೌಲ್ ಆಫ್ ಮಾಡುವ ಗುಂಡಿ ಸಿಗದವನಿಗೆ ಇದರ ಗುಂಡಿ ಮಾತ್ರ ಎಷ್ಟು ಚುರುಕಾಗಿ ಸಿಕ್ಕಿತು! ನಮ್ಮ ಹೆಣಗಳ ನಡುವೆ ಮಲಗಿದ್ದು, ರಾಕ್ಷಸರೆಲ್ಲ ಮನೆಗೆ ಹೋದ ಮೇಲೆ ಎದ್ದು ನಿಂತ. ಚಾಟ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಆಮೇಲೆ ಬರೆದ: ‘ಟ್ಯಾಂಕ್, ಆಗ್ರೋ ಹಿಡಿಯೋದಲ್ವಾ?’ ಆಗ್ರೋ ಅಂದರೆ ರಾಕ್ಷಸರ ಸಿಟ್ಟು.

ಸ್ಮಶಾನದಿಂದ ಭೂತವಾಗಿ ಎದ್ದು, ಹಿಮದಲ್ಲಿ ಓಡಿ, ಮತ್ತೆ ಆ ಊರಿನ ಹೊಟ್ಟೆಯೊಳಕ್ಕೆ ಇಳಿದು ನಾವು ಬರುವಷ್ಟರಲ್ಲಿ ಅವನು ಬೇಕನ್‌ನನ್ನು ಬದುಕಿಸಿ ಊಟ ಹಾಕುತ್ತಿದ್ದ. ಸತ್ತು ಬಂದ ಪ್ರಾಣಿಗೆ ಬೇಜಾರಾಗಿರುತ್ತದೆ, ತಿನ್ನಿಸಿ ಸಮಾಧಾನ ಮಾಡಬೇಕು, ಅದು ಆಟದ ನಿಯಮ. ಕಾಡುಹಂದಿ ಏನು ಕೊಟ್ಟರೂ ತಿನ್ನುತ್ತದೆ. ಅವನು ಕೊಡುತ್ತಿದ್ದದ್ದು ಹುರಿದ ಹಂದಿಮಾಂಸ. ಹಂದಿ ಚಪ್ಪರಿಸಿ ತಿಂದು ಖುಷಿಯಾಯಿತು. ನಮಗೆ ಏನೂ ಕೊಡಲಿಲ್ಲ. ಒಂದು ಸಾವಿಗೆ ಮೈಮೇಲಿನ ಸಾಮಾನೆಲ್ಲ 10 ಪರ್ಸೆಂಟ್ ಸವೆಯುತ್ತದೆ, ರಿಪೇರಿ ಖರ್ಚು ಅವರವರದೇ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಅಷ್ಟೊತ್ತಿಗೆ ನೀರು ಕುಡಿಯಲು ಎದ್ದ ಅಮ್ಮ ಬಾಗಿಲಲ್ಲಿ ನಿಂತಿದ್ದರು. ದಾವಣಗೆರೆಯಿಂದ ಬಂದಾಗಲೆಲ್ಲ ಅವರಿಗೆ ನನ್ನ ಪರದೆಯ ಮೇಲೆ ಒಂದು ಕಣ್ಣು. ‘ಎಲ್ಲರೂ ದೂರ ನಿಂತು ಹೊಡೀತಾರೆ, ನಿಂದೊಂದೇ ಯಾಕೋ ಹತ್ರ ಹೋಗಿ ಹೊಡೆಸ್ಕೊಳ್ತದೆ?’ ಅಂದರು. ನನ್ನ ಕೆಲಸವೇ ಅದು ಅಂದೆ. ‘ಆಫೀಸಲ್ಲೂ ಅದೇ, ಇಲ್ಲೂ ಅದೇನಾ’ ಅಂದು ಹೋಗಿ ಮಲಗಿದರು.

ಹೀಗೆಲ್ಲ ಆದಾಗ ನನಗೆ ನೆನಪಾಗುವುದು ಹಾಸ್ಟೆಲ್‌ನ ಗೆಳೆಯ, ಶಿವಮೊಗ್ಗ ಕಡೆಯವನು. 2020ರ ಲಾಕ್‌ಡೌನ್‌ನಲ್ಲಿ ಅವನು ವಾಸಿ ಮಾಡುವ ಪ್ರೀಸ್ಟ್, ನಾನು ಟ್ಯಾಂಕ್. 40 ಜನ ಸೇರಿ ಹೋಗುವ ಗುಹೆ ಮೋಲ್ಟನ್ ಕೋರ್‌ಗೂ ಒಟ್ಟಿಗೇ ಹೋಗುತ್ತಿದ್ದೆವು. ಪ್ರೀಸ್ಟ್‌ಗಳಿಗೆ ಒಂದು ಚಟ, ಜಗಳ ಶುರುವಾಗುವ ಮುಂಚೆಯೇ ಟ್ಯಾಂಕ್ ಮೇಲೆ ಬಂಗಾರದ ಗುಳ್ಳೆಯಂಥ ರಕ್ಷೆ ಹಾಕಿಬಿಡುವುದು. ಏಟು ರಕ್ಷೆಗೆ ಬಿದ್ದರೆ ವಾರಿಯರ್‌ಗೆ ರೇಜ್ ಸಿಗುವುದಿಲ್ಲ, ಒಳ್ಳೆಯದು ಮಾಡಲು ಹೋಗಿ ಕೈ ಕಟ್ಟಿದ ಹಾಗಾಗುತ್ತದೆ. ಅವನು ಯಾವತ್ತೂ ಮೊದಲೇ ಹಾಕಿದವನಲ್ಲ. ನನಗೆ ನಾಲ್ಕೇಟು ಬೀಳುವುದನ್ನು ತಣ್ಣಗೆ ನೋಡುತ್ತಿದ್ದ, ಇನ್ನೊಂದು ಬಿದ್ದರೆ ಸತ್ತೆ ಅನ್ನುವಾಗ ನನ್ನ ಜೀವದ ಪಟ್ಟಿ ತುಂಬುತ್ತಿತ್ತು. ಅವನ ಮನಾ, ಅಂದರೆ ಮಂತ್ರ ಹಾಕುವ ಶಕ್ತಿ, ಮುಗಿಯುತ್ತ ಬಂದರೆ ನಾನು ಹೇಳಿಸಿಕೊಳ್ಳದೆ ನಿಲ್ಲುತ್ತಿದ್ದೆ. ಅವನು ಚಕ್ಕಳಮಕ್ಕಳ ಹಾಕಿ ಕೂತು ನೀರು ಕುಡಿಯುತ್ತಿದ್ದ. ಅಷ್ಟು ಹೊತ್ತು ಇಬ್ಬರೂ ಮಾತಾಡುತ್ತಿರಲಿಲ್ಲ, ಬೇಕೂ ಇರಲಿಲ್ಲ. ಈಗ ಅವನು ಡಬ್ಲಿನ್‌ನಲ್ಲಿದ್ದಾನೆ, ಸರ್ವರ್‌ಗೆ ನನಗಿಂತ ಎಷ್ಟೋ ಹತ್ತಿರ, ಆದರೆ ಎರಡು ಪುಟ್ಟ ಮಕ್ಕಳು. ಆಟದ ನಮ್ಮ ಬಳಗದ, ಅಂದರೆ ಗಿಲ್ಡ್‌ನ, ಪಟ್ಟಿಯಲ್ಲಿ ಹೆಸರು ಬೂದು ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಯಿತು. ಹಬ್ಬಕ್ಕೆ ಫೋನ್ ಮಾಡುತ್ತಾನೆ, ಮನೆ ಲೋನ್ ಬಗ್ಗೆ ಮಾತಾಡುತ್ತೇವೆ.

ಟ್ಯಾಂಕ್‌ಗಳು ಯಾಕೆ ಕಡಿಮೆ ಅಂತ ಆಟ ಮಾಡಿದವರಿಗೂ ತಲೆನೋವೇ. 2011ರಲ್ಲಿ ಅವರು ಒಂದು ಉಪಾಯ ಮಾಡಿದರು. ಯಾವ ಪಾತ್ರದವರು ಸಾಲದೋ ಅವರು ಬಂದು ಸಾಲಿನಲ್ಲಿ ನಿಂತರೆ, ಆಟ ಮುಗಿದ ಮೇಲೆ ಒಂದು ಚೀಲ ಉಡುಗೊರೆ. ಅದರಲ್ಲಿ ಚಿನ್ನ ಖಂಡಿತ, ಅದೃಷ್ಟವಿದ್ದರೆ ಸಾಕುಪ್ರಾಣಿ, ಸವಾರಿಗೆ ಕುದುರೆಗಿದುರೆ. ಸಾಮಾನ್ಯವಾಗಿ ಆ ಚೀಲ ಸಿಗುತ್ತಿದ್ದದ್ದು ಟ್ಯಾಂಕ್‌ಗಳಿಗೇ. ಲಂಚ ಕೊಟ್ಟರೂ ಜನ ಬರದ ಕೆಲಸ! ನಾನಿರುವ ಕ್ಲಾಸಿಕ್‌ನ ಈ ಹಳೆಯ ರೂಪದಲ್ಲಂತೂ ಲಂಚವೂ ಇಲ್ಲ.

ಅದಕ್ಕೆ ನಾನೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಗುಂಪಿಗೆ ಸೇರಿದ ಕೂಡಲೇ ಒಂದು ಗುಂಡಿ ಒತ್ತಿದರೆ ನನ್ನ ಶರತ್ತುಗಳೆಲ್ಲ ಚಾಟ್‌ನಲ್ಲಿ ಬೀಳುವಂತೆ ಮ್ಯಾಕ್ರೊ. ತಲೆಬುರುಡೆ ಮೊದಲು, ಕುರಿಗೆ ಕೈ ಹಚ್ಚಬೇಡಿ, ಹೀಲರ್ ಕೂತಿದ್ದರೆ ಎಲ್ಲರೂ ಕೂರಿ, ಎರಡು ಸಂಡರ್ ಆಗುವವರೆಗೆ ಕೈ ಕಟ್ಟಿ, ಏಟು ಬಿದ್ದರೆ ನನ್ನ ಕಡೆ ಓಡಿ. ತೊಂದರೆ ಏನೆಂದರೆ ಮ್ಯಾಕ್ರೊದಲ್ಲಿ 255 ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ, ನನ್ನ ದೂರುಗಳು ಹಿಡಿಯುತ್ತವೆಯೇ? ಹಂದಿಯ ವಿಷಯಕ್ಕೆ ಜಾಗವೇ ಉಳಿದಿರಲಿಲ್ಲ. ನಿನ್ನೆ ಕೂತು ‘ನಮಸ್ಕಾರ’, ‘ದಯವಿಟ್ಟು’, ‘ಧನ್ಯವಾದ’ ಮೂರನ್ನೂ ಕಿತ್ತು ಹಾಕಿದೆ. ಹಂದಿಗೆ ಜಾಗ ಆಯಿತು.