ಒಂದೂವರೆ ಪಟ್ಟಿನ ತಕರಾರು

ನಿಂಟೆಂಡೊ ಕಂಪನಿಯ ಹೊಸ ಆಟದ ಯಂತ್ರ ಸ್ವಿಚ್ 2 ಕೈಗೆ ಬಂದ ದಿನ ನಾನು ಅದರಲ್ಲಿ ಮೊದಲು ಹಾಕಿದ್ದು ಎಂಟು ವರ್ಷ ಹಳೆಯ ಆಟ. 2017ರ ಮಾರ್ಚ್‌ನಲ್ಲಿ ಹಳೆ ಸ್ವಿಚ್ ಜೊತೆಗೇ ಬಂದಿದ್ದ ಜೆಲ್ಡಾ, ‘ಬ್ರೆತ್ ಆಫ್ ದ ವೈಲ್ಡ್’. ಪಕ್ಕದಲ್ಲಿ ಕೂತಿದ್ದ ತಂಗಿ ಸ್ವಲ್ಪ ಹೊತ್ತು ನೋಡಿದಳು. “ಅಲ್ಲಣ್ಣಾ, ಇದನ್ನೇ ಆಡೋದಾದ್ರೆ ಹಳೇದು ಏನು ಪಾಪ ಮಾಡಿತ್ತು?” ಅಂದಳು.

ಆಗ ಉತ್ತರ ಹೊಳೆಯಲಿಲ್ಲ, ಸುಮ್ನೆ ನಕ್ಕೆ. ಈಗ ಉತ್ತರ ಇದೆ. ಆದರೆ ಅದು ಒಂದು ಸಾಲಿನದಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆಟಗಳ ಹುಚ್ಚು ಇಲ್ಲದವರು ಇಲ್ಲಿಂದಲೇ ಮುಂದಕ್ಕೆ ಸ್ಕ್ರೋಲ್ ಮಾಡಬಹುದು, ಬೇಜಾರಿಲ್ಲ.

ಆ ಆಟ ಆಡಿದವರಿಗೆ ಕೊರೊಕ್ ಕಾಡು ನೆನಪಿರುತ್ತದೆ. ಮಂಜು ದಾಟಿ ಒಳಗೆ ಹೋಗಬೇಕು. ಹೋದ ತಕ್ಷಣ ಆಟ ಕುಂಟತೊಡಗುತ್ತಿತ್ತು. ಎಲೆ, ಬೆಳಕು, ಹುಲ್ಲು ಎಲ್ಲ ಒಟ್ಟಿಗೆ ಬಂದರೆ ಪಾಪ ಆ ಚಿಪ್ ಎಷ್ಟು ಅಂತ ಎಳೆಯುತ್ತದೆ. ಹೊಸದರಲ್ಲಿ ಅದೇ ಕಾಡಿಗೆ ಹೋದೆ. ಕುಂಟಲಿಲ್ಲ. ಅಷ್ಟೇ. ಹೊಸ ಬಣ್ಣ ಇಲ್ಲ, ಹೊಸ ಮರ ಇಲ್ಲ, ಚಿತ್ರ ಮೊದಲಿನಷ್ಟೇ. ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಮಾತ್ರ, ಯಾಕೆಂದರೆ ಇಷ್ಟೇ ಸಾಕು ಅಂತ ಆಟದೊಳಗೇ ಬರೆದಿದೆ. ಯಂತ್ರಕ್ಕೆ ಇನ್ನೂ ತಾಕತ್ತಿದ್ದರೂ ಆಟ ಕೇಳುವುದಿಲ್ಲ. ಆದರೆ ಆ 30 ಒಮ್ಮೆಯೂ ತಪ್ಪಲಿಲ್ಲ. ಎಂಟು ವರ್ಷದಿಂದ ಕಾಲು ನೋವಿದ್ದವರು ಒಂದು ದಿನ ಎದ್ದು ನೆಟ್ಟಗೆ ನಡೆದ ಹಾಗೆ ಅನಿಸಿತು. ಇದನ್ನು ಯಾವ ಜಾಹೀರಾತಿನಲ್ಲೂ ತೋರಿಸೋಕೆ ಆಗಲ್ಲ.

ಹಳೆ ಆಟ ಹೊಸ ಯಂತ್ರದಲ್ಲಿ ಓಡುವುದು ಸಹಜ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಕಾರ್ಡ್ ಅದೇ ಅಳತೆ, ತೂರಿಸಿದರೆ ಹೋಗುತ್ತದೆ, ಓಡುತ್ತದೆ. ಒಳಗೆ ನಡೆಯುವುದು ಅಷ್ಟು ಸುಲಭ ಅಲ್ಲ. ಮೊದಲೆಲ್ಲ ಇದಕ್ಕೆ ಒರಟು ಆದರೆ ಗಟ್ಟಿಯಾದ ಉಪಾಯ ಇತ್ತು: ಹಳೆ ಚಿಪ್ಪನ್ನೂ ಹೊಸದರೊಳಗೆ ಇಟ್ಟುಬಿಡುವುದು. ನಿಂಟೆಂಡೊದ್ದೇ ಕೈಯಾಟದ ಯಂತ್ರ, 2001ರ ಗೇಮ್ ಬಾಯ್ ಅಡ್ವಾನ್ಸ್ ಹಾಗೇ ಮಾಡಿತ್ತು. ಹಳೆ ಗೇಮ್ ಬಾಯ್ ಕಾರ್ಟ್ರಿಡ್ಜ್ ಹಾಕಿದರೆ ಅದರ ಆಕಾರಕ್ಕೆ ಒಳಗೊಂದು ಪುಟ್ಟ ಗುಂಡಿ ಒತ್ತಿಕೊಳ್ಳುತ್ತಿತ್ತು. ಹೊಸ ಪ್ರೊಸೆಸರ್ ಪಕ್ಕಕ್ಕೆ ಸರಿದು ಹಳೆಯದು ಎದ್ದು ಕೂರುತ್ತಿತ್ತು. ಒಂದೇ ಮನೆಯಲ್ಲಿ ಅಜ್ಜ, ಮೊಮ್ಮಗ ಇಬ್ಬರೂ ಇದ್ದ ಹಾಗೆ.

ಸ್ವಿಚ್ 2ರಲ್ಲಿ ಅಜ್ಜ ಇಲ್ಲ. ಹಳೆ ಸ್ವಿಚ್‌ನ ಗ್ರಾಫಿಕ್ಸ್ ಎನ್ವಿಡಿಯಾದ ಮ್ಯಾಕ್ಸ್‌ವೆಲ್ ಪೀಳಿಗೆಯದು, ಹೊಸದರದ್ದು ಆಂಪಿಯರ್. ಹೆಸರು ಮರೆತರೂ ಪರವಾಗಿಲ್ಲ. ತೊಂದರೆ ಏನೆಂದರೆ, ಕನ್ಸೋಲ್ ಆಟಗಳು ಗ್ರಾಫಿಕ್ಸ್ ಚಿಪ್‌ಗೆ ಕೊಡಬೇಕಾದ ಆದೇಶಗಳನ್ನು ಮೊದಲೇ ಆ ಚಿಪ್ಪಿನ ಭಾಷೆಯಲ್ಲಿ ಬರೆದಿಟ್ಟುಕೊಂಡು ಬರುತ್ತವೆ. ಹೊಸ ಚಿಪ್‌ಗೆ ಆ ಭಾಷೆ ನೇರವಾಗಿ ಬರುವುದಿಲ್ಲ. ಹಾಗಾಗಿ ಆಟ ಓಡುತ್ತಿರುವಾಗಲೇ ಒಂದು ಸಾಫ್ಟ್‌ವೇರ್ ನಡುವೆ ನಿಂತು ದುಭಾಷಿಯ ಕೆಲಸ ಮಾಡುತ್ತದೆ. ಇದು ಪೂರ್ತಿ ಎಮ್ಯುಲೇಟರ್ (ಹಳೆ ಯಂತ್ರವನ್ನೇ ಅನುಕರಿಸುವ ಸಾಫ್ಟ್‌ವೇರ್) ಅಲ್ಲ, ಹಾರ್ಡ್‌ವೇರೂ ಅಲ್ಲ, ಎರಡರ ನಡುವಿನದು ಅಂತ ಅದನ್ನು ಮಾಡಿದವರೇ ವಿವರಿಸಿದ್ದಾರೆ. ಪೂರ್ತಿ ಎಮ್ಯುಲೇಟರ್ ಮಾಡಿದ್ದರೆ ಯಂತ್ರ ಸದಾ ಏದುಸಿರು ಬಿಡುತ್ತಾ ಬ್ಯಾಟರಿ ಕುಡಿಯುತ್ತಿತ್ತು. ಕೈಯಲ್ಲಿ ಹಿಡಿದು ಆಡುವ ಸಾಧನಕ್ಕೆ ಅದು ಆಗುವ ಮಾತಲ್ಲ.

ಈ ದುಭಾಷಿಗೆ ನನ್ನ ದೊಡ್ಡ ನಮಸ್ಕಾರ. ಆದರೆ ನನ್ನ ತಕರಾರು ಓಡುತ್ತದೋ ಇಲ್ಲವೋ ಅನ್ನುವುದರ ಬಗ್ಗೆ ಅಲ್ಲ. ಓಡಿದ ಮೇಲೆ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದರ ಬಗ್ಗೆ. ಅದು ಪೂರ್ತಿ ಲೆಕ್ಕದ ವಿಷಯ.

ಹಳೆ ಸ್ವಿಚ್‌ನ ಪರದೆ ಅಡ್ಡಕ್ಕೆ 1280, ಉದ್ದಕ್ಕೆ 720 ಚುಕ್ಕೆಗಳದ್ದು. ಕೈಯಲ್ಲಿ ಹಿಡಿದು ಆಡುವಾಗ ಆಟಗಳು ಹೆಚ್ಚೆಂದರೆ ಅಷ್ಟಕ್ಕೇ ಚಿತ್ರ ಬಿಡಿಸುತ್ತಿದ್ದವು. ಹೊಸ ಪರದೆ 1920ಕ್ಕೆ 1080. ಭಾಗಿಸಿ ನೋಡಿ, ಸರಿಯಾಗಿ ಒಂದೂವರೆ ಪಟ್ಟು. ಎರಡು ಪಟ್ಟು ಇದ್ದಿದ್ದರೆ ಚಿಂತೆಯೇ ಇರಲಿಲ್ಲ. ಹಳೆಯ ಒಂದು ಚುಕ್ಕೆಗೆ ಹೊಸ ನಾಲ್ಕು ಚುಕ್ಕೆ, ಎಲ್ಲ ಚೌಕವಾಗಿ ಕೂರುತ್ತವೆ. ಒಂದೂವರೆ ಅಂದರೆ ಏನು ಮಾಡುವುದು? ಚುಕ್ಕೆಯನ್ನು ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ. ಹಾಗಾಗಿ ಆ ಅರ್ಧವನ್ನು ಪಕ್ಕದ ಚುಕ್ಕೆಯ ಬಣ್ಣದ ಜೊತೆ ಕಲಸಬೇಕು. ಕಲಸಿದರೆ ಅಂಚು ಮಸುಕಾಗುತ್ತದೆ. ಮೇಲಿಂದ ಪರದೆಯೂ 6.2 ಇಂಚಿನಿಂದ 7.9 ಇಂಚಿಗೆ ಬೆಳೆದಿದೆ. ಅದೇ ಚಿತ್ರವನ್ನು ಇನ್ನೂ ದೊಡ್ಡದಾಗಿ ಎಳೆದ ಹಾಗೆ. 2025ರ ಜೂನ್ 5ಕ್ಕೆ ಯಂತ್ರ ಬಂದಾಗ, ಅಪ್‌ಡೇಟ್ ಇಲ್ಲದ ಹಳೆ ಆಟಗಳು ಕೈಯಲ್ಲಿ ಸ್ವಲ್ಪ ಮಂಜು ಮಂಜು ಅಂತ ಎಷ್ಟೋ ಜನ ಹೇಳಿದ್ದು ಇದನ್ನೇ. ಅದೇ ಆಟವನ್ನು ಟಿವಿಗೆ ಹಾಕಿದರೆ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಅಲ್ಲಿ ಆಟ ದೊಡ್ಡ ಪರದೆಯ ಲೆಕ್ಕದಲ್ಲಿ ಚಿತ್ರ ಬಿಡಿಸುತ್ತದೆ.

ಇದು ಹೊಸ ರೋಗ ಅಲ್ಲ. ನಿಂಟೆಂಡೊದ್ದೇ ಕೈಯಾಟದ ಯಂತ್ರ, 2011ರ 3ಡಿಎಸ್ ನೆನಪಿದೆಯಾ? ಹಿಂದಿನ ಡಿಎಸ್‌ನ ಪರದೆ 256ಕ್ಕೆ 192. 3ಡಿಎಸ್‌ನದ್ದು ಉದ್ದಕ್ಕೆ 240. ಅಂದರೆ ಒಂದೂಕಾಲು ಪಟ್ಟು, ಒಂದೂವರೆಗಿಂತ ಕಡೆ! ಡಿಎಸ್ ಆಟಗಳ ಅಕ್ಷರಗಳು ನೀರು ಬಿದ್ದ ಶಾಯಿಯ ಹಾಗೆ ಕಾಣುತ್ತಿದ್ದವು. ಆದರೆ ಅಲ್ಲೊಂದು ಗುಟ್ಟಿತ್ತು. ಆಟ ತೆರೆಯುವಾಗ ಸ್ಟಾರ್ಟ್ ಇಲ್ಲವೇ ಸೆಲೆಕ್ಟ್ ಗುಂಡಿಯನ್ನು ಒತ್ತಿ ಹಿಡಿದರೆ ಚಿತ್ರ ತನ್ನ ಮೂಲ ಅಳತೆಯಲ್ಲಿ, ಪರದೆಯ ನಡುವೆ, ಸುತ್ತ ಕಪ್ಪು ಅಂಚಿನೊಂದಿಗೆ ಬರುತ್ತಿತ್ತು. ಚಿಕ್ಕದು, ಆದರೆ ಚೂರಿಯಷ್ಟು ಚೂಪು. ಯಾರೋ ಒಬ್ಬ ಇಂಜಿನಿಯರ್ ಕೂತು “ಇದು ಸರಿ ಕಾಣ್ತಾ ಇಲ್ಲ, ಬೇಕಾದವರಿಗೆ ದಾರಿ ಇರಲಿ” ಅಂದಿರಬೇಕು. ಆ ಅನಾಮಿಕನ ಮೇಲೆ ನನಗೆ ವಿಶೇಷ ಪ್ರೀತಿ.

ಇದಕ್ಕೆ ತದ್ವಿರುದ್ಧ ಸೋನಿಯ ವೀಟಾ, ಅವರದ್ದೇ ಪಿಎಸ್‌ಪಿ ನಂತರ ಬಂದ ಕೈಯಾಟದ ಯಂತ್ರ. ಪಿಎಸ್‌ಪಿ ಪರದೆ 480ಕ್ಕೆ 272. ವೀಟಾ 960ಕ್ಕೆ 544. ಎರಡೂ ಕಡೆ ಕರಾರುವಾಕ್ಕಾಗಿ ಎರಡು ಪಟ್ಟು. ಪಿಎಸ್‌ಪಿ ಆಟ ಅದರಲ್ಲಿ ಗಾಜಿನ ಹಾಗೆ ಕೂರುತ್ತಿತ್ತು. ಇನ್ನೂ ಮುಂದೆ ಹೋದವರು 2021ರ ಕೊನೆಗೆ ಬಂದ, ಹಳೆ ಗೇಮ್ ಬಾಯ್ ಕಾರ್ಟ್ರಿಡ್ಜ್ ಓಡಿಸುವ ಅನಲಾಗ್ ಪಾಕೆಟ್‌ನವರು. ಗೇಮ್ ಬಾಯ್ 160ಕ್ಕೆ 144, ಇವರ ಪರದೆ 1600ಕ್ಕೆ 1440. ಹತ್ತು ಪಟ್ಟು! ಒಂದು ಹಳೆ ಚುಕ್ಕೆಗೆ ನೂರು ಹೊಸ ಚುಕ್ಕೆ. ಪರದೆ ಆರಿಸುವಾಗಲೇ ಹಳೆ ಆಟವನ್ನು ಎದುರಿಗೆ ಕೂರಿಸಿಕೊಂಡವರು ಮಾಡುವ ಕೆಲಸ ಇದು.

ಚುಕ್ಕೆ ಸರಿ ಕೂತರೂ ಕೆಲಸ ಮುಗಿಯುವುದಿಲ್ಲ ಅನ್ನುವುದು ನನಗೆ ತಡವಾಗಿ ಅರ್ಥವಾಯಿತು. ಮೊದಲ ಗೇಮ್ ಬಾಯ್ ಅಡ್ವಾನ್ಸ್ ಪರದೆಗೆ ಸ್ವಂತ ಬೆಳಕೇ ಇರಲಿಲ್ಲ. ಕಿಟಕಿ ಪಕ್ಕ ಕೂತರೆ ಆಟ, ಇಲ್ಲದಿದ್ದರೆ ಕತ್ತಲು. 2001ರ ‘ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದ ಮೂನ್’ ಎಷ್ಟು ಮಬ್ಬಾಗಿತ್ತೆಂದರೆ ಅದರ ಮುಖ್ಯ ದೂರೇ ಅದಾಗಿತ್ತು. ಮರುವರ್ಷ ಬಂದ ಅದೇ ಸರಣಿಯ ‘ಹಾರ್ಮನಿ ಆಫ್ ಡಿಸೊನೆನ್ಸ್’ನಲ್ಲಿ ಬಣ್ಣವನ್ನು ಕಣ್ಣು ಕುಕ್ಕುವಷ್ಟು ಏರಿಸಿ, ನಾಯಕನ ಸುತ್ತ ನೀಲಿ ಅಂಚು ಕೂಡ ಬಳಿದರು, ಎಲ್ಲಿದ್ದಾನೆ ಅಂತಾದರೂ ಕಾಣಲಿ ಅಂತ. ಈಗ ಆ ಎರಡೂ ಆಟ ಒಂದೇ ಸಂಗ್ರಹದಲ್ಲಿ ಸ್ವಿಚ್‌ಗೆ ಸಿಗುತ್ತವೆ. ಬೆಳಗುವ ಪರದೆಯಲ್ಲಿ ಹಾಕಿ ನೋಡಿದರೆ ತಮಾಷೆ. ಆಗ ಬೈಸಿಕೊಂಡ ಮೊದಲನೆಯದು ಈಗ ಹದವಾಗಿ, ಗಂಭೀರವಾಗಿ ಕಾಣುತ್ತದೆ. ಸರಿಪಡಿಸಿದ ಎರಡನೆಯದು ಜಾತ್ರೆಯ ಬಲ್ಬಿನ ಸರದ ಹಾಗೆ ಮಿನುಗುತ್ತದೆ. ತಪ್ಪು ಯಾರದ್ದು? ಯಾರದ್ದೂ ಅಲ್ಲ. ಕೈಯಲ್ಲಿ ಹಿಡಿಯುವ ಆಟ ಮಾಡಿದವರು ಆ ಕಾಲದ ಪರದೆಯನ್ನೂ ಲೆಕ್ಕಕ್ಕೆ ಹಿಡಿದೇ ಬಣ್ಣ ಹಚ್ಚಿದ್ದರು. ಮೊದಲ ಗೇಮ್ ಬಾಯ್‌ನ ಪರದೆ ನಿಧಾನ, ಚಿತ್ರ ಅಳಿಯುವಾಗ ನೆರಳು ಉಳಿಯುತ್ತಿತ್ತು. ಕೆಲವು ಆಟಗಳು ಒಂದು ವಸ್ತುವನ್ನು ಫ್ರೇಮ್ ಬಿಟ್ಟು ಫ್ರೇಮ್ ತೋರಿಸಿ, ಆ ನೆರಳಿನಿಂದಲೇ ಅರೆಪಾರದರ್ಶಕ ಬಣ್ಣ ಹುಟ್ಟಿಸುತ್ತಿದ್ದವು. ಈಗಿನ ಚುರುಕು ಪರದೆಯಲ್ಲಿ ಅದೇ ವಸ್ತು ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಟಪಟ ಅನ್ನುತ್ತದೆ. ಪರದೆ ಚೆನ್ನಾಗಿರುವುದೇ ಇಲ್ಲಿ ತೊಂದರೆ!

ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದು ಆಡಿಸುವ ಸ್ಟೀಮ್ ಡೆಕ್ ಇಟ್ಟುಕೊಂಡವರಿಗೆ ಇದು ಇನ್ನೊಂದು ಬಗೆಯ ಕಾಟ. 2022ರಲ್ಲಿ ಬಂದ ಅದರ ಹೊಟ್ಟೆಯೊಳಗೆ ಲಿನಕ್ಸ್. ವಿಂಡೋಸ್ ಆಟಗಳು ಅಂದುಕೊಂಡಿರುವುದೇ ಬೇರೆ. ಪ್ರೋಟಾನ್ ಅನ್ನುವ ಪದರ ವಿಂಡೋಸ್ ಕರೆಗಳನ್ನು ಲಿನಕ್ಸ್‌ಗೆ ತಿರುಗಿಸುತ್ತದೆ. ಎಷ್ಟೋ ಹಳೆ ಆಟಗಳು ಈಗಿನ ವಿಂಡೋಸ್‌ಗಿಂತ ಅಲ್ಲೇ ತಕರಾರಿಲ್ಲದೆ ಏಳುತ್ತವೆ ಅನ್ನುವುದು ನನ್ನ ಅನುಭವ. ಆದರೆ ಮೇಜಿನ ಮೇಲಿನ ದೊಡ್ಡ ಮಾನಿಟರ್‌ಗೆ ಬರೆದ ಅಕ್ಷರ ಏಳು ಇಂಚಿನಲ್ಲಿ ಇರುವೆ ಸಾಲು. ಜೊತೆಗೆ ವೇಗ ಜಾಸ್ತಿಯಾದರೂ ಕಷ್ಟ ಅನ್ನುವ ವಿಚಿತ್ರ ಇದೆ. 2011ರ ಮೂಲ ಸ್ಕೈರಿಮ್‌ನಲ್ಲಿ ವಸ್ತುಗಳ ಚಲನೆಯ ಲೆಕ್ಕ ಫ್ರೇಮ್ ವೇಗಕ್ಕೆ ಅಂಟಿಕೊಂಡಿದೆ. ಸೆಕೆಂಡಿಗೆ 60 ಫ್ರೇಮ್ ದಾಟಿಸಿದರೆ ಮೇಜಿನ ಮೇಲಿನ ತಟ್ಟೆ ಲೋಟಗಳು ದೆವ್ವ ಹಿಡಿದ ಹಾಗೆ ಹಾರುತ್ತವೆ. ಹೊಸ ಯಂತ್ರಕ್ಕೆ ಹಗ್ಗ ಕಟ್ಟಿಯೇ ಹಳೆ ಆಟ ಆಡಿಸಬೇಕು.

ಇನ್ನು ಅಪ್‌ಡೇಟ್ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಎರಡು ಹೋಳು. 2019ರ ‘ಲಿಂಕ್ಸ್ ಅವೇಕನಿಂಗ್’ ಹಳೆ ಸ್ವಿಚ್‌ನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಬಿಕ್ಕಳಿಸುತ್ತಿತ್ತು. ಹೊಸದಕ್ಕೆ ಉಚಿತ ಅಪ್‌ಡೇಟ್ ಬಂತು, ಬಿಕ್ಕಳಿಕೆ ನಿಂತಿತು. ಸಂತೋಷ. 2022ರ ಪೋಕೆಮಾನ್ ಸ್ಕಾರ್ಲೆಟ್, ವಯೊಲೆಟ್ ಬಂದಾಗ ಎಷ್ಟು ತಡವರಿಸುತ್ತಿದ್ದವು ಅಂತ ಊರೆಲ್ಲ ಬೈದಿತ್ತು. ಅವಕ್ಕೂ ಉಚಿತ ಅಪ್‌ಡೇಟ್, ಈಗ ಸೆಕೆಂಡಿಗೆ 60 ಫ್ರೇಮ್. ಇದಕ್ಕೂ ಸಂತೋಷಪಡಬೇಕಾ? ಆಡುವವರಿಗೆ ಹೌದು. ಆದರೆ ಅರೆಬೆಂದದ್ದನ್ನು ಬಡಿಸಿ, ಮೂರು ವರ್ಷ ಬಿಟ್ಟು ಹೊಸ ಒಲೆ ಕೊಂಡರೆ ಬೇಯುತ್ತದೆ ಅಂದ ಹಾಗೆ ನನಗೆ ಕೇಳಿಸುತ್ತದೆ. ‘ಬ್ರೆತ್ ಆಫ್ ದ ವೈಲ್ಡ್’ನ ಹೊಸ ಆವೃತ್ತಿಗೆ ದುಡ್ಡು ಕೊಡಬೇಕು. ಅದರ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಬೇಡ ಅಂದವರಿಗೆ ಹಳೆಯದು ಹಳೆಯ ಹಾಗೇ ಓಡುತ್ತದೆ, ಅದೂ ಕುಂಟದೆ.

ಓಡದೇ ಇರುವುದೂ ಕೆಲವು ಇವೆ. ನಿಂಟೆಂಡೊದ ರಟ್ಟಿನ ಆಟಿಕೆ ಲ್ಯಾಬೋದ ವಿಆರ್ ಕನ್ನಡಕದೊಳಗೆ ಹೊಸ ಯಂತ್ರ ಹಿಡಿಸುವುದೇ ಇಲ್ಲ, ಗಾತ್ರ ದೊಡ್ಡದಾಗಿದೆ. ವ್ಯಾಯಾಮದ ಆಟ ರಿಂಗ್ ಫಿಟ್‌ಗೆ ಹಳೆ ಯಂತ್ರದ ಪಕ್ಕಕ್ಕೆ ಸಿಕ್ಕಿಸುವ ಗುಂಡಿಹಿಡಿಗಳಾದ ಜಾಯ್‌ಕಾನ್‌ಗಳೇ ಬೇಕು. ಹಳೆ ಯಂತ್ರ ಮಾರಿದವರು ಜಾಯ್‌ಕಾನ್‌ಗಳನ್ನಾದರೂ ಉಳಿಸಿಕೊಳ್ಳಿ.

ಹಳೆ ಆಟದ ವಿಷಯದಲ್ಲಿ ನಾನು ಇಷ್ಟು ಗೋಳಾಡುವುದಕ್ಕೆ ಹಿನ್ನೆಲೆ ಇದೆ. ಹಿಂದೆ ಒಂದು ಕೈಯಾಟದ ಸಾಧನದಲ್ಲಿ ಡಿಜಿಟಲ್ ಆಗಿ ಕೊಂಡಿದ್ದ ನಾಲ್ಕೈದು ಆಟ ಕಳೆದುಕೊಂಡೆ. ಸಾಧನ ಕೆಟ್ಟಿತು. ಆ ಖಾತೆ ಮುಂದಿನ ಸಾಧನಕ್ಕೆ ಬರಲಿಲ್ಲ. ಯಾವ ಕಂಪನಿ ಅಂತ ಹೇಳುವುದಿಲ್ಲ, ಹೇಳಿ ಆಗಬೇಕಾದ್ದೂ ಇಲ್ಲ. ಆಟ ಹೋಗಿದ್ದಕ್ಕಿಂತ ನೂರು ಗಂಟೆ ಆಡಿ ಉಳಿಸಿಟ್ಟ ಸೇವ್ ಹೋಗಿದ್ದು ಹೊಟ್ಟೆ ಉರಿಸಿತು. ಇದು ನನ್ನೊಬ್ಬನ ಕಥೆ ಅಲ್ಲ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆ ಆಟಗಳಲ್ಲಿ ನೂರಕ್ಕೆ 87 ಇವತ್ತು ಮಾರುಕಟ್ಟೆಯಲ್ಲೇ ಇಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಅದೇ ವರ್ಷ ಮಾರ್ಚ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಂತಿತ್ತು. ಹಾಗಿರುವಾಗ ಹೊಸ ಯಂತ್ರವೊಂದು ಹಳೆಯ ಕಾರ್ಡನ್ನು ನುಂಗಿ ‘ಬಾ’ ಅಂದರೆ ಅದು ಸಣ್ಣ ಮಾತಲ್ಲ.

ಆದ್ದರಿಂದ ತಂಗಿಗೆ ನನ್ನ ಉತ್ತರ: ಹಳೇದು ಪಾಪ ಏನೂ ಮಾಡಿರಲಿಲ್ಲ ಕಣೆ, ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಹೊಸದಕ್ಕೆ ಉಸಿರಿದೆ, ಅಳತೆ ಹೊಂದುತ್ತಿಲ್ಲ. ಕೈಯಾಟದ ಯಂತ್ರ ಮಾಡುವವರು ಯಾರೇ ಆಗಲಿ, ಹಳೆ ಆಟಕ್ಕೆ ಅಂತ ಒಂದು ಚಿಕ್ಕ ಮೆನು ಇಡಲಿ. ಮೂಲ ಅಳತೆ ಬೇಕಾ, ಹಿಗ್ಗಿಸಬೇಕಾ, ಬಣ್ಣ ಆಗಿನದ್ದಾ ಈಗಿನದ್ದಾ, ಆಡುವವರು ಆರಿಸಿಕೊಳ್ಳಲಿ. 1998ರ ಗೇಮ್ ಬಾಯ್ ಕಲರ್‌ನಲ್ಲೇ ಹಳೆಯ ಕಪ್ಪು-ಬಿಳುಪು ಆಟಕ್ಕೆ ಹನ್ನೆರಡು ಬಣ್ಣದ ಜೋಡಣೆ ಇದ್ದವು. ಶುರುವಾಗುವಾಗ ದಿಕ್ಕಿನ ಗುಂಡಿಯೊಂದನ್ನೇ, ಇಲ್ಲವೇ ಅದರ ಜೊತೆ ಎ ಅಥವಾ ಬಿ ಒತ್ತಿದರೆ ಸಾಕಿತ್ತು.

ಅಂದಹಾಗೆ ಮೊದಲ ದಿನ ಜೆಲ್ಡಾ ತೆರೆಯುವಾಗ ನನ್ನ ಹೆಬ್ಬೆರಳು ತಾನಾಗಿಯೇ ಹಳೆ ಸ್ಟಾರ್ಟ್ ಜಾಗಕ್ಕೆ ಬಂದಿರುವ ಪ್ಲಸ್ ಗುಂಡಿಯ ಮೇಲೆ ಕೂತಿತ್ತು. 3ಡಿಎಸ್ ಕಾಲದ ಅಭ್ಯಾಸ. ಒತ್ತಿ ಹಿಡಿದೆ. ಚಿತ್ರ ಪರದೆ ತುಂಬ ಹರಡಿಕೊಂಡೇ ಬಂತು. “ಏನು ಒತ್ತುತ್ತಾ ಇದೀಯಾ?” ಅಂತ ತಂಗಿ ಕೇಳಿದಳು. ಏನಿಲ್ಲ ಅಂದೆ.