ಹೊಸ್ತಿಲಾಚೆಯ ಹಾಟ್‌ಡಾಗ್

ಮಂಗಳೂರಿನಲ್ಲಿ ಯಾರನ್ನಾದರೂ “ನೀವು ನಾನ್‌ವೆಜ್ಜಾ?” ಎಂದು ಕೇಳಿ ನೋಡಿ. ಹೌದು ಅಂತಲೂ ಹೇಳುವುದಿಲ್ಲ, ಅಲ್ಲ ಅಂತಲೂ ಹೇಳುವುದಿಲ್ಲ. “ಮನೆಯಲ್ಲಿ ಇಲ್ಲ” ಎನ್ನುತ್ತಾರೆ. ಅಷ್ಟು ಹೇಳಿ ನಿಮ್ಮ ಮುಖ ನೋಡುತ್ತಾರೆ, ಉಳಿದದ್ದು ನಿಮಗೇ ಅರ್ಥವಾಗಲಿ ಅಂತ. ನೀವು ಪೆದ್ದರ ಹಾಗೆ ನಿಂತೇ ಇದ್ದರೆ ಆಚೀಚೆ ನೋಡಿ, ಸ್ವರ ತಗ್ಗಿಸಿ, “ಹೊರಗೆ ಆಗ್ತದೆ” ಎಂದು ಸೇರಿಸುತ್ತಾರೆ.

ಈ ‘ಹೊರಗೆ’ ಎಂಬ ಊರು ಎಲ್ಲುಂಟು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಎಷ್ಟನೇ ನಂಬರಿನ ಬಸ್ಸು ಹೋಗುತ್ತದೆ ಎಂದು ನನಗೆ ಐವತ್ತು ವರ್ಷವಾದರೂ ಗೊತ್ತಾಗಲಿಲ್ಲ. ಊರಿನ ಅರ್ಧ ಜನ ಅಲ್ಲಿಯೇ ಊಟ ಮಾಡುತ್ತಾರೆ. ಮದುವೆಯ ಬಯೋಡೇಟಾದಲ್ಲಿ ಎತ್ತರ, ಗೋತ್ರ, ಸಂಬಳ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಅದರ ಹೆಸರು ಬರುತ್ತದೆ: ‘ಶುದ್ಧ ಸಸ್ಯಾಹಾರಿ, ಹೊರಗೆ ಮಾತ್ರ ತಿನ್ನುತ್ತಾರೆ’. ಹುಡುಗನಿಗೆ ಎಂತ ಇಷ್ಟ ಎಂದು ಯಾರೂ ಬರೆಯುವುದಿಲ್ಲ. ನಾಲಿಗೆಗೆ ನಮ್ಮಲ್ಲಿ ಓಟಿಲ್ಲ. ಓಟಿರುವುದು ಹೊಸ್ತಿಲಿಗೆ.

ನಮ್ಮ ಮನೆಯ ಸಂವಿಧಾನವನ್ನೇ ತೆಗೆದುಕೊಳ್ಳಿ. ಮೀನು ಹುಟ್ಟಾ ಪ್ರಜೆ. ಕೋಳಿಗೆ ಭಾನುವಾರದ ವೀಸಾ. ಆಡಿಗೆ ಅಳಿಯನೋ ಬಾವನೋ ಬಂದರೆ ಮಾತ್ರ ಪ್ರವೇಶ. ಮೊಟ್ಟೆ ಕೇಕಿನೊಳಗೆ ಅಡಗಿ ಬಂದರೆ ಯಾರೂ ತಡೆಯುವುದಿಲ್ಲ, ಅದೇ ಕೈಯಲ್ಲಿ ಹಿಡಿದು ಬಂದರೆ ಅಮ್ಮ “ಇವತ್ತು ಯಾವ ವಾರ?” ಎನ್ನುತ್ತಾರೆ. ಸೋಮವಾರ ಇಲ್ಲ, ಗುರುವಾರ ಇಲ್ಲ, ಶನಿವಾರ ಇಲ್ಲ. ಸಂಕ್ರಮಣ, ಏಕಾದಶಿ ಇಲ್ಲ. ತುಳುವರ ಸೋಣ ತಿಂಗಳಿಡೀ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್‌ಬೋಟುಗಳಿಗೆ ಸರಕಾರದ ನಿಷೇಧ, ಅಂದರೆ 61 ದಿನ ಸಮುದ್ರಕ್ಕೂ ವ್ರತ. ಇಷ್ಟೆಲ್ಲ ಕಳೆದು ಉಳಿದ ದಿನಗಳಲ್ಲಿ ನಾವು ‘ಮೀನಿಲ್ಲದೆ ಊಟ ಇಳಿಯದ ಜನ’ ಎಂದು ಹೆಸರು ಗಳಿಸಿಕೊಂಡಿದ್ದೇವೆ.

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗ ಅಮೆರಿಕದಿಂದ ಬಂದ. ಹಿಂದೆಲ್ಲ ಚಾಕಲೇಟು, ಟಾರ್ಚು ತರುತ್ತಿದ್ದರು. ಇವನು ಬ್ಯಾಗಿನಿಂದ ಮೂರೂವರೆ ಕಿಲೋ ತೂಗುವ ಎರಕದ ಕಬ್ಬಿಣದ ಬಾಣಲೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ. ಅದರ ಹಿಂದೆ ಒಂದು ಥರ್ಮಾಮೀಟರ್.

“ಸ್ಟೇಕ್ ಮಾಡ್ಲಿಕ್ಕೆ ಮಾವ, ಮಾಂಸದ ದಪ್ಪ ತುಂಡು ಸುಡುದು. ಒಳಗೆ ಐವತ್ತೈದು ಡಿಗ್ರಿ ಬಂದ್ರೆ ಮೀಡಿಯಂ ರೇರ್, ಅರೆಬೆಂದದ್ದು. ಎಪ್ಪತ್ತೊಂದು ದಾಟಿದ್ರೆ ವೆಲ್‌ಡನ್, ಪೂರ್ತಿ ಬೆಂದದ್ದು, ಅದು ವೇಸ್ಟ್.”

“ಬಂಗುಡೆ ಬೆಂದಿದಾ ನೋಡ್ಲಿಕ್ಕೆ ಥರ್ಮಾಮೀಟರ್ ಇಡುದಾ?” ಎಂದರು ಅಮ್ಮ. “ಅದಕ್ಕೆಂತ ಜ್ವರ ಬಂದದ್ದಾ?”

ಹುಡುಗ ತಾಳ್ಮೆಯವನು. ಮಾಂಸದ ಮೇಲ್ಮೈ ಕಂದಾಗಿ ಪರಿಮಳ ಬರುವುದಕ್ಕೆ ಮೈಯಾರ್ ಕ್ರಿಯೆ ಎನ್ನುತ್ತಾರೆ, 1912ರಲ್ಲಿ ಫ್ರಾನ್ಸಿನ ಒಬ್ಬ ರಸಾಯನವಿಜ್ಞಾನಿ ಅದನ್ನು ವಿವರಿಸಿದ, ಸ್ಟೇಕಿನಿಂದ ಇಳಿಯುವ ಕೆಂಪು ನೀರು ರಕ್ತವಲ್ಲ, ಮಯೋಗ್ಲೋಬಿನ್ ಎಂಬ ಪ್ರೋಟೀನ್ ಎಂದೆಲ್ಲ ಅಜ್ಜಿಗೆ ಹೇಳಿದ. ಅಮ್ಮ ಎಲ್ಲ ಕೇಳಿ ಬಾಣಲೆಯನ್ನು ತಿರುಗಿಸಿ ನೋಡಿದರು. “ಇದು ದೋಸೆ ಕಾವಲಿ ಅಲ್ವಾ? ಸುತ್ತ ಗೋಡೆ ಯಾಕೆ?” ಮತ್ತೆ ಬೆರಳಲ್ಲಿ ಒರಸಿ, “ಎಂತ ಇದು ಇಷ್ಟು ಕಪ್ಪು? ತೊಳಿಯುದಿಲ್ವಾ?”

ಇಲ್ಲಿ ಹುಡುಗ ಎಡವಿದ. ಎರಕದ ಕಬ್ಬಿಣವನ್ನು ಸೋಪು ಹಾಕಿ ಗಸಗಸ ತಿಕ್ಕಬಾರದು, ಪ್ರತಿ ಸಲ ಬಿಸಿಗೆ ಎಣ್ಣೆ, ಕೊಬ್ಬು ಪದರ ಪದರವಾಗಿ ಅಂಟಿ ಗಟ್ಟಿಯಾಗುತ್ತದೆ, ಅದೇ ಬಾಣಲೆಯ ಆಸ್ತಿ ಎಂದ. ಮೂರು ವರ್ಷದ ಪದರ ಉಂಟು ಎಂದು ಹೆಮ್ಮೆಯಿಂದಲೂ ಹೇಳಿದ.

“ಯಾವುದರ ಕೊಬ್ಬು?”

ಸತ್ಯ ಹೇಳಿದ. ಎರಡು ನಿಮಿಷದೊಳಗೆ ಬಾಣಲೆ ಹಿಂದಿನ ಬಾಲ್ಕನಿಗೆ ಹೋಯಿತು, ಅಮ್ಮ ಕೈ ತೊಳೆದರು, ನೆಲದಲ್ಲಿ ಅದು ಕೂತಿದ್ದ ಜಾಗಕ್ಕೆ ಸ್ವಲ್ಪ ನೀರೂ ಬಿತ್ತು. ಬಾಲ್ಕನಿ ‘ಹೊರಗೆ’ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಹಾಗೆ.

ಬಾಣಲೆ ಸಿಕ್ಕಿತು, ಸ್ಟೇಕ್ ಎಲ್ಲಿಂದ ತರುವುದು? ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ದನ, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದರೆ. ತಪ್ಪಿದರೆ 3ರಿಂದ 7 ವರ್ಷ ಜೈಲು. ಅಮೆರಿಕದಲ್ಲಿ ಸ್ಟೇಕಿಗೆ ಬರುವ ಪ್ರಾಣಿಗೆ ಹೆಚ್ಚುಕಡಿಮೆ ಎರಡು ವರ್ಷವಾಗಿರುತ್ತದಂತೆ. ನಮ್ಮ ಕಾನೂನು ಒಪ್ಪುವ ಸ್ಟೇಕು ಎಂಟನೇ ಕ್ಲಾಸು ಪಾಸಾದದ್ದು. ಅದಕ್ಕೆ ಮೀಡಿಯಂ ರೇರ್ ಎಂಬ ಮಾತೇ ಇಲ್ಲ, ಕುಕ್ಕರಿನಲ್ಲಿ ವರ್ಷಕ್ಕೊಂದರಂತೆ ಹದಿಮೂರು ಕೂಗು ಬೇಕು.

ಹಾಗಾಗಿ ‘ಹೊರಗೆ’ ಹೋದೆವು. ಊರಿನಲ್ಲಿ ಹೊಸದಾಗಿ ತೆರೆದ ಹೋಟೆಲು, ಹೆಸರು ಬೇಡ. ದೀಪ ಎಷ್ಟು ಮಂದ ಅಂದರೆ ಮೆನು ಓದಲು ಮೊಬೈಲು ಟಾರ್ಚು ಹಾಕಬೇಕು. ಅದರಲ್ಲಿ ಸ್ಟೇಕಿನದೇ ಎರಡು ಪುಟ: ಪನೀರ್ ಸ್ಟೇಕ್, ಮಶ್ರೂಮ್ ಸ್ಟೇಕ್, ಚಿಕನ್ ಸ್ಟೇಕ್. ಹೂಕೋಸಿನ ಸ್ಟೇಕೂ ಇತ್ತು. ಅಮ್ಮ ಪನೀರ್ ಹೇಳಿದರು. ಕಪ್ಪು ಅಂಗಿಯ ಹುಡುಗ ಬಗ್ಗಿ ಕೇಳಿದ:

“ಹೇಗೆ ಬೇಕು ಮೇಡಂ? ರೇರ್, ಮೀಡಿಯಂ, ವೆಲ್‌ಡನ್?”

ಪನೀರನ್ನು ಐವತ್ತೈದು ಡಿಗ್ರಿಯಲ್ಲಿ ನಿಲ್ಲಿಸುವುದು ಹೇಗೆ ಎಂದು ನಾನು ಕೇಳಲಿಲ್ಲ. ಪಾಪ, ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಅಮ್ಮ ಮಾತ್ರ ಹೆದರಲಿಲ್ಲ. “ಮಸಾಲೆದೋಸೆ ಹೇಗೆ ಮಾಡ್ತೀರಿ? ಹಾಗೆ ಮಾಡಿ ಮಗ, ಕಡಕ್ ಆಗಿ.” ಅವನು ಬರೆದುಕೊಂಡ.

ಬಂದದ್ದು ಕಬ್ಬಿಣದ ತಟ್ಟೆ, ಅದರಡಿ ಮರದ ಹಲಗೆ, ನಡುವೆ ಕ್ಯಾಬೇಜಿನ ಎಲೆ ಸುಟ್ಟ ವಾಸನೆ. ಹೊಗೆ ಏಳುತ್ತಾ ಚುಂಯ್ ಎಂದು ಬರುವಾಗ ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು. ಅದಕ್ಕೇ ನಾವು ದುಡ್ಡು ಕೊಡುವುದು. ಹೊಗೆ ಆರಿದ ಮೇಲೆ ನೋಡಿದರೆ ಒಂದು ಚೌಕ ಪನೀರು, ನಾಲ್ಕು ಬೀನ್ಸು. ಅಳಿಯ ಕತ್ತಿ ಹಿಡಿದು ತನ್ನ ಕೋಳಿಯನ್ನು ಕತ್ತರಿಸುತ್ತಾ, ಯುರೋಪಿನ ಸಂಸತ್ತಿನಲ್ಲಿ ಇದೇ ಜಗಳ ಎಂದ. ತರಕಾರಿಯದ್ದಕ್ಕೆ ಸ್ಟೇಕ್, ಬರ್ಗರ್ ಎಂದು ಹೆಸರಿಡಬಹುದೇ ಅಂತ 2020ರಲ್ಲಿ ಮತಕ್ಕೆ ಹಾಕಿ ಇಟ್ಟುಕೊಳ್ಳಲಿ ಬಿಡಿ ಎಂದಿದ್ದರಂತೆ. 2025ರಲ್ಲಿ ಅದೇ ಸಂಸತ್ತು ಕೂಡದು ಎಂದು ಮತ ಹಾಕಿತು. ಐದು ವರ್ಷ ಸುಮ್ಮನೆ ಹಾಳು ಮಾಡಿಕೊಂಡರು. ಒಂದು ನಿಯೋಗವನ್ನು ಇಲ್ಲಿಗೆ ಕಳಿಸಿದ್ದರೆ ಒಂದು ಚಹಾ ಕುಡಿಯುವುದರೊಳಗೆ ಮುಗಿಸಿ ಕಳಿಸುತ್ತಿದ್ದೆವು: ಹೆಸರು ಹೊರಗಿನದು ಇರಲಿ, ಸಾಮಾನು ಒಳಗಿನದು ಇರಲಿ.

ತಮಾಷೆ ಎಂತ ಅಂದರೆ, ನಿಜವಾದ ಸ್ಟೇಕನ್ನು ನಾವು ತಲೆಮಾರುಗಳಿಂದ ಮನೆಯೊಳಗೇ ತಿನ್ನುತ್ತಿದ್ದೇವೆ. ಮೀನಿನ ಬಂದರು ಧಕ್ಕೆಯಿಂದ ಅಂಜಲ್ ಮೀನು ತಂದು ಅಡ್ಡಕ್ಕೆ ಕೊಯ್ದ ತುಂಡು ಇದೆಯಲ್ಲ, ನಡುವೆ ಬೆನ್ನುಮೂಳೆಯ ಬಿಳಿ ಚಕ್ರ ಇರುವುದು, ಅದನ್ನೇ ಇಂಗ್ಲಿಷಿನವರು ಫಿಶ್ ಸ್ಟೇಕ್ ಎನ್ನುವುದು. ಮೀಡಿಯಂ, ವೆಲ್‌ಡನ್ನಿಗೆ ಸರಿಸಮವಾದ ಪ್ರಶ್ನೆಯೂ ನಮ್ಮಲ್ಲಿ ಉಂಟು: ತವಾ ಫ್ರೈಯಾ, ರವಾ ಫ್ರೈಯಾ? ಈ ಪ್ರಶ್ನೆಗೆ ಒಡೆಯದ ಕುಟುಂಬ ಕರಾವಳಿಯಲ್ಲಿಲ್ಲ. ನನ್ನ ಹೆಂಡತಿ ರವಾ ಪಕ್ಷ. ರವೆ ಇರುವುದು ಸಜ್ಜಿಗೆಗೆ, ಮೀನಿಗೆ ಕಂಬಳಿ ಹೊದೆಸಲಿಕ್ಕಲ್ಲ ಎಂಬ ನನ್ನ ನಿಲುವಿನಲ್ಲಿ ಇಪ್ಪತ್ತಾರು ವರ್ಷದಿಂದ ಬದಲಾವಣೆ ಆಗಿಲ್ಲ. ಮೀನಿನ ಹೋಟೆಲಿನ ಮೆನುವಿನಲ್ಲಿ ಬೆಲೆಯ ಜಾಗದಲ್ಲಿ ‘ಎಪಿಎಸ್’ ಎಂದು ಬರೆದಿರುತ್ತಾರೆ, ಗಾತ್ರ ನೋಡಿ ದರ ಎಂದರ್ಥ. ಅದನ್ನು ನೋಡಿಯೂ ಧೈರ್ಯದಿಂದ ಆರ್ಡರ್ ಮಾಡುವವನೇ ನಮ್ಮ ಪಾಲಿನ ಕೌಬಾಯ್.

ಉದ್ದ ಬನ್ನಿನೊಳಗೆ ಮಾಂಸದ ಸಾಸೇಜು ಇಟ್ಟ ಹಾಟ್‌ಡಾಗಿನ ಕತೆ ಬೇರೆ. ಅದಕ್ಕೆ ಹೆಸರೇ ಶತ್ರು.

“ನಾಯಿ ಇಲ್ಲ ಅಜ್ಜಿ ಅದರಲ್ಲಿ.”

“ಮತ್ತೆ ಯಾಕೆ ಹಾಗೆ ಹೇಳುದು? ಇಲ್ಲದ್ದನ್ನು ಉಂಟು ಅಂತ ಹೇಳಿ ಮಾರುವವರನ್ನು ಈಗ ತಾನೇ ನೋಡಿ ಬಂದೆ.”

ಅಮ್ಮ ಒಬ್ಬರೇ ಅಲ್ಲ. 2016ರಲ್ಲಿ ಮಲೇಷ್ಯಾದ ಅಧಿಕಾರಿಗಳೂ ಹಲಾಲ್ ಪ್ರಮಾಣಪತ್ರ ಬೇಕಿದ್ದರೆ ‘ಡಾಗ್’ ಎಂಬ ಹೆಸರು ತೆಗೆಯಿರಿ, ಸಾಸೇಜ್ ಅನ್ನಿ ಎಂದಿದ್ದರು. ಅಮೆರಿಕದಲ್ಲಾದರೂ ಇದರ ಬಗ್ಗೆ ಒಮ್ಮತ ಉಂಟಾ? ಅಲ್ಲಿ ಹಾಟ್‌ಡಾಗಿಗೇ ಒಂದು ಮಂಡಳಿ ಉಂಟು, ಅದು 2015ರಲ್ಲಿ ಹಾಟ್‌ಡಾಗ್ ಸ್ಯಾಂಡ್‌ವಿಚ್ ಅಲ್ಲ ಎಂದು ಅಧಿಕೃತವಾಗಿ ಘೋಷಿಸಿತು. ಶಿಕಾಗೋದಲ್ಲಿ ಅದಕ್ಕೆ ಕೆಚಪ್ ಹಾಕಿದರೆ ಜನ ಸಾಂಬಾರಿಗೆ ಸಕ್ಕರೆ ಹಾಕಿದವನನ್ನು ನೋಡುವ ಹಾಗೆ ನೋಡುತ್ತಾರಂತೆ (ಉಡುಪಿಯವರು ಈ ಹೋಲಿಕೆಗೆ ಬೇಸರ ಮಾಡಬಾರದು, ನಿಮ್ಮ ಸಾಂಬಾರಿನ ಬೆಲ್ಲ ಬೇರೆ ವಿಷಯ). ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಜುಲೈ 4ರಂದು ತಿನ್ನುವ ಪಂದ್ಯ ನಡೆಯುತ್ತದೆ, 2021ರಲ್ಲಿ ಜೋಯಿ ಚೆಸ್ಟ್‌ನಟ್ ಎಂಬವನು 10 ನಿಮಿಷದಲ್ಲಿ 76 ನುಂಗಿದ ಎಂದು ಅಳಿಯ ವಿಡಿಯೋ ತೋರಿಸಿದ. ಮದುವೆ ಮನೆಯಲ್ಲಿ ಹೋಳಿಗೆಗೆ ಪಂಥ ಕಟ್ಟುವವರನ್ನು ಕಂಡ ಅಮ್ಮನಿಗೆ ಸಂಖ್ಯೆ ದೊಡ್ಡದೆನಿಸಲಿಲ್ಲ. “ಬನ್ನನ್ನು ನೀರಲ್ಲಿ ಅದ್ದಿ ತಿನ್ತಾನೆ ನೋಡು, ಅದು ಮೋಸ” ಎಂದರು.

ಬನ್ನಿನ ವಿಷಯದಲ್ಲೂ ನಮಗೂ ಅಮೆರಿಕಕ್ಕೂ ಹೊಂದಿಕೆ ಇಲ್ಲ. ಬನ್ಸ್ ತಾ ಎಂದು ಹೆಂಡತಿ ಹೇಳಿದಾಗ ನಾನು ತಂದದ್ದು ಬಾಳೆಹಣ್ಣು ಹಾಕಿ ಕರಿದ, ಪೂರಿಯ ಹಾಗೆ ಉಬ್ಬಿದ ನಮ್ಮ ಬನ್ಸ್. ಒಂದೇ ಇದ್ದರೂ ಬನ್ಸ್. ಅದನ್ನು ಸೀಳಿ ಸಾಸೇಜು ಇಡಲು ನೋಡಿದ ಅಳಿಯನಿಗೆ ಅಮ್ಮ ಕೈಗೆ ಪಟ್ಟನೆ ಕೊಟ್ಟರು. ಹೊರಗಿನದ್ದನ್ನು ಒಳಗೆ ತಂದದ್ದಕ್ಕಲ್ಲ, ಬನ್ಸನ್ನು ಹಾಳು ಮಾಡಿದ್ದಕ್ಕೆ. ಬೇಕರಿಯವರು ಹಸಿರು ಚುಕ್ಕೆ ಹಚ್ಚಿ ಮಾರುವ ವೆಜ್ ಹಾಟ್‌ಡಾಗ್ ಎಂಬುದೂ ಉಂಟು, ಉದ್ದ ಬನ್ನಿನಲ್ಲಿ ಮಲಗಿದ ಬಟಾಟೆ ಕಟ್ಲೆಟ್. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದೂ ಸಿಗುತ್ತದೆ ಎಂದು ಬೇಕರಿಯವ ಹೇಳಿದ. ಹಾಟ್ ಅಂತೂ ಅಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಬೆಳಿಗ್ಗಿನಿಂದ ತಣ್ಣಗಿತ್ತು. ಡಾಗೂ ಇಲ್ಲ, ಹಾಟೂ ಇಲ್ಲ. ಇಪ್ಪತ್ತು ರೂಪಾಯಿಗೆ ಇದಕ್ಕಿಂತ ದೊಡ್ಡ ವೇದಾಂತ ಸಿಗಲಿಕ್ಕಿಲ್ಲ.

ಕೊನೆಗೆ ನಿಜವಾದದ್ದನ್ನು ಒಂದು ರಾತ್ರಿ ಸಮುದ್ರದ ಬದಿಯಲ್ಲಿ ಗಾಡಿಯವನಿಂದ ಕೊಂಡು ಕಾರಿನಲ್ಲಿ ಕೂತು ತಿನ್ನಲು ಹೊರಟೆವು. ನಾನು, ಅಳಿಯ, ನನ್ನ ಬಾವ. ಬಾವ ಆ ದಿನ ಶನಿವಾರ ಎಂದು ಗೊತ್ತಿದ್ದೂ ಬಂದವರು. ಕಾಗದ ಬಿಚ್ಚುವಷ್ಟರಲ್ಲಿ, “ತಡಿ” ಎಂದರು.

“ಕಾರು ಹೊರಗಾ, ಒಳಗಾ?”

ಇಂಥ ಪ್ರಶ್ನೆಯನ್ನು ತಿಂದ ಮೇಲೆ ಕೇಳಬೇಕು, ಮೊದಲು ಕೇಳಬಾರದು. ಮನೆಯಿಂದ ಎಂಟು ಕಿಲೋಮೀಟರ್ ದೂರ ಇದ್ದೇವೆ, ಹೊರಗೆ ಎಂದ ಅಳಿಯ. ಆದರೆ ಕಾರಿಗೆ ಆಯುಧಪೂಜೆ ಆಗಿದೆ, ಬಾಗಿಲಿಗೆ ಕಟ್ಟಿದ ಹಾಗೆ ಮುಂದೆ ಲಿಂಬೆ ಮೆಣಸೂ ಕಟ್ಟಿದೆ, ಡ್ಯಾಶ್‌ಬೋರ್ಡಿನಲ್ಲಿ ಗಣಪತಿ ಕೂತಿದ್ದಾನೆ ಎಂದರು ಬಾವ. ಹಾಟ್‌ಡಾಗು ಆರುತ್ತಿತ್ತು. ಸಾಸಿವೆಯ ಸಾಸು ಕಾಗದದ ತುದಿಯಿಂದ ಜಾರಿ ಸೀಟ್ ಬೆಲ್ಟಿಗೆ ಹತ್ತಿತು. ಕಡೆಗೆ ಬಾವನೇ ದಾರಿ ತೋರಿಸಿದರು: ಗಣಪತಿಯನ್ನು ಮೆಲ್ಲನೆ ಸಮುದ್ರದ ಕಡೆ ತಿರುಗಿಸಿ, ಎ.ಸಿ. ಆರಿಸಿ, ನಾಲ್ಕೂ ಗಾಜು ಇಳಿಸಿದರು. ಗಾಳಿ ಓಡಾಡಿದರೆ ಹೊರಗೆ ಎಂದು ಲೆಕ್ಕ. ಮೂರು ಜನ ತಲೆ ಕಿಟಕಿಯಿಂದ ಆಚೆ ಹಾಕಿ ತಿಂದೆವು. ರುಚಿ? ಅಳಿಯನ ಪ್ರಕಾರ ಸುಮಾರು. ನನಗೆ ಗೊತ್ತಾಗಲಿಲ್ಲ, ಯಾರಾದರೂ ಪರಿಚಯದವರು ವಾಕಿಂಗಿಗೆ ಬಂದಾರೆಂದು ದಾರಿ ನೋಡುತ್ತಿದ್ದೆ. ಬಂದರು ಕೂಡ. ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಶನ್ನಿನವರು, ಕೈಯಲ್ಲಿ ಅದೇ ಗಾಡಿಯ ಕಾಗದದ ಪೊಟ್ಟಣ. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ.

ಮರುದಿನ ಲಿಫ್ಟಿನಲ್ಲಿ ನೋಟೀಸು ಅಂಟಿತ್ತು. ಬಾಲ್ಕನಿಗಳಲ್ಲಿ ಮಾಂಸಾಹಾರ ಬೇಯಿಸಿ ಇತರರಿಗೆ ತೊಂದರೆ ಕೊಡಬಾರದು, ಆನ್‌ಲೈನಿನಲ್ಲಿ ತರಿಸುವವರು ಹಿಂದಿನ ಲಿಫ್ಟನ್ನು ಬಳಸಬೇಕು ಎಂದು. ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್ಸಿನ ವಾರ ಬಫಾತ್ ಎಂಬ ಮಾಂಸದ ಸಾರು ಇಟ್ಟಾಗ ಇಡೀ ಮಹಡಿಯವರು ಯಾಕೋ ಬಾಗಿಲು ತೆರೆದು ಕಾರಿಡಾರಿನಲ್ಲಿ ಮಾತಾಡುತ್ತಾ ನಿಲ್ಲುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮೂಗಿಗೆ ಹೊಸ್ತಿಲಿಲ್ಲ.

ಜನವರಿಯಲ್ಲಿ ಅಳಿಯ ವಾಪಸು ಹೋದ. ಭಾರ ಜಾಸ್ತಿಯಾಗುತ್ತದೆಂದು ಬಾಣಲೆಯನ್ನು ಬಿಟ್ಟುಹೋದ. ಅದು ಬಾಲ್ಕನಿಯಲ್ಲಿ ತುಳಸಿ ಕಟ್ಟೆಯಿಂದ ದೂರ, ಹಳೆ ಪೇಪರಿನ ಕಟ್ಟಿನ ಮೇಲೆ ಕೂತಿತ್ತು. ಅಷ್ಟರಲ್ಲಿ ನಮ್ಮ ನಾನ್‌ಸ್ಟಿಕ್ ಕಾವಲಿಯ ಕರಿ ಲೇಪ ಏಳಲು ಶುರುವಾಗಿ ದೋಸೆಯೊಂದಿಗೆ ಹೊಟ್ಟೆಗೆ ಹೋಗುತ್ತಿತ್ತು. ಅಮ್ಮ ಬಟ್ಟೆ ಒಣಗಿಸಲು ಹೋದಾಗಲೆಲ್ಲ ಬಾಣಲೆಯನ್ನು ಒಮ್ಮೆ ನೋಡಿ ಬರುವುದನ್ನು ಗಮನಿಸಿದೆ.

ಒಂದು ಸೋಮವಾರ ಅದು ಬಿಸಿಲಲ್ಲಿ ಬೋರಲು ಬಿದ್ದಿತ್ತು. ಮಂಗಳವಾರ ಹುಣಸೆಹುಳಿ, ಬೂದಿ, ತೆಂಗಿನ ನಾರು. ಮೂರು ವರ್ಷದ ಅಮೆರಿಕ ಕಪ್ಪು ನೀರಾಗಿ ಬಾಲ್ಕನಿಯ ಪೈಪಿನಲ್ಲಿ ಇಳಿದುಹೋಯಿತು. ಬುಧವಾರ ಸಣ್ಣ ಗ್ಯಾಸಿನ ಒಲೆ ಬಾಲ್ಕನಿಗೆ ಬಂತು. ಬಾಣಲೆ ಹೊಗೆಯಾಡುವ ತನಕ ಕಾಯಿಸಿದರು, ತೆಂಗಿನೆಣ್ಣೆ ಹೊಯ್ದರು, ಮಟ್ಟುಗುಳ್ಳ ಬದನೆಯ ತೊಟ್ಟಿನಲ್ಲಿ ಸುತ್ತ ತಿಕ್ಕಿದರು. ಹಿಟ್ಟು ಹೊಯ್ದ ಕೂಡಲೇ ಚುಂಯ್ ಎಂದದ್ದು ಹಾಲ್‌ನವರೆಗೆ ಕೇಳಿತು. ಎಲ್ಲಿಯೂ ಅಂಟಲಿಲ್ಲ, ಅಂಚು ಕೆಂಪಗಾಗಿ ತಾನೇ ಬಿಟ್ಟುಕೊಂಡಿತು. ನಾನು ತಟ್ಟೆ ಹಿಡಿದು ಅಲ್ಲಿಯೇ ಬಾಗಿಲಲ್ಲಿ ನಿಂತು ತಿನ್ನಲು ಹೊರಟೆ.

“ಅಲ್ಲೆಂತ ನಿಂತದ್ದು?” ಎಂದರು ಅಮ್ಮ. “ಮಾಡುದು ಹೊರಗಲ್ವಾ? ಒಳಗೆ ಕೂತು ತಿನ್ನು, ಚಟ್ನಿ ಮೇಜಿನ ಮೇಲೆ ಉಂಟು.”