ಅದೆಲ್ಲ ಅಬ್ವಿಯಸ್ ಅಂತೆ!

ಈಗಷ್ಟೇ ಮೀಟಿಂಗ್ ಮುಗಿಸಿ ಬಂದೆ, ತಲೆ ಇನ್ನೂ ಕಾದಿದೆ. ನಮ್ಮ ಸಾಫ್ಟ್‌ವೇರ್‌ನ ಹೊಸ ಫೀಚರ್‌ಗೆ ಏನೇನು ಬೇಕು ಅನ್ನೋ ವಿವರ, ಅಂದರೆ ರಿಕ್ವೈರ್‌ಮೆಂಟ್ ಅಂತ ಕೊಟ್ಟಿದ್ದು ಒಂದೇ ಸಾಲು: 'ಯೂಸರ್ ರಿಪೋರ್ಟ್ ಡೌನ್‌ಲೋಡ್ ಮಾಡಿಕೊಳ್ಳುವಂತಿರಬೇಕು.' ಅದರ ಕೆಳಗೆ ಡೆಡ್‌ಲೈನ್. ಅದನ್ನು ಮಾತ್ರ ದಪ್ಪಕ್ಷರದಲ್ಲಿ ಎಷ್ಟು ಸ್ಪಷ್ಟವಾಗಿ ಬರೆದಿದ್ದರು ಅಂತೀರಿ!

ಟೆಸ್ಟಿಂಗ್‌ನವಳ ಬಾಯಿ ಸುಮ್ಮನಿರಲ್ಲ ಅಂತ ನಿಮಗೆ ಗೊತ್ತೇ ಇದೆ. ಕೇಳಿದೆ. ಎಕ್ಸೆಲ್ಲಾ, ಇಲ್ಲ ಕಾಮಾ ಹಾಕಿ ಬಿಡಿಸಿದ ಬರೀ ಅಕ್ಷರದ ಫೈಲು ಸಿಎಸ್‌ವಿನಾ? ಎಕ್ಸೆಲ್ ಆದರೆ ಒಂದು ಶೀಟಿಗೆ 10,48,576 ಸಾಲು ಮಾತ್ರ, ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಸಿಎಸ್‌ವಿ ಆದರೆ, ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸಿಡುವ ಸಂಕೇತ ಪದ್ಧತಿ) ಫೈಲಿನ ಶುರುವಿನಲ್ಲಿ ಅದರ ಗುರುತು ಹೇಳುವ ಬಿಒಎಂ ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡದ ಹೆಸರುಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಬಿಡೋದುಂಟು, ಅದನ್ನು ನೋಡಿದ್ದೀರಾ? ಡಿಲೀಟ್ ಆದ ಖಾತೆಗಳು ಬರಬೇಕಾ? 'ನಿನ್ನೆಯ ರಿಪೋರ್ಟ್' ಅಂದರೆ ಯಾವ ಟೈಮ್‌ಜೋನಿನ ನಿನ್ನೆ?

ಆ ಸಾಲು ಬರೆದವರಿಂದ ಬಂದ ಉತ್ತರ: 'ಅದೆಲ್ಲ ಅಬ್ವಿಯಸ್ ಅಲ್ವಾ ಮೇಡಂ!'

ಅಬ್ವಿಯಸ್ಸೇ, ಪಾಪ. ಡೆವಲಪರ್ ಸಿಎಸ್‌ವಿ ಅಂದುಕೊಂಡಿದ್ದ. ಡಿಸೈನರ್ ಆಗಲೇ ಪಿಡಿಎಫ್ ಐಕಾನ್ ಮಾಡಿಟ್ಟಿದ್ದಳು. ಒಂದೇ ಸಾಲು ಓದಿ ಇಬ್ಬರೂ ಒಟ್ಟಿಗೆ ತಲೆಯಾಡಿಸಿದ್ದರು.

ಇನ್ನೊಬ್ಬ ಮಹಾನುಭಾವರು 'ನಾವು ಅಜೈಲ್, ಡಾಕ್ಯುಮೆಂಟ್ ಬರೆಯಲ್ಲ' ಅಂದರು. ಅಜೈಲ್ ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತಾ ತಿದ್ದಿಕೊಂಡು ಹೋಗುವ ವಿಧಾನ. 2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಮ್ಯಾನಿಫೆಸ್ಟೊ ಪೂರ್ತಿ ಒಂದು ಪುಟವೂ ಇಲ್ಲ, ಅದನ್ನಾದರೂ ಓದಬಾರದೇ? ಉದ್ದುದ್ದ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಅಂದರೇ ಹೊರತು ದಾಖಲೆಗೆ ಬೆಲೆಯೇ ಇಲ್ಲ ಅನ್ನಲಿಲ್ಲ.

ಬರೆದರೂ ಯಾರು ಓದ್ತಾರೆ ಅಂತೀರಾ? ಒಪ್ಪಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಕಳೆದುಹೋಯ್ತಲ್ಲ, ಮೆಟ್ರಿಕ್ ಲೆಕ್ಕದಲ್ಲೇ ಕೊಡಬೇಕು ಅಂತ ಅದರ ಸ್ಪೆಸಿಫಿಕೇಶನ್‌ನಲ್ಲಿ ಬರೆದೇ ಇತ್ತು. ಭೂಮಿಯ ಮೇಲಿನ ಸಾಫ್ಟ್‌ವೇರ್ ಇಂಗ್ಲಿಷ್ ಅಳತೆಯ ಪೌಂಡಿನ ಲೆಕ್ಕ ಕೊಟ್ಟಿತು. ಆದರೆ ಬರೆದಿದ್ದಕ್ಕೇ ತಾನೇ ಎಡವಟ್ಟು ಎಲ್ಲಾಯ್ತು ಅಂತ ಆಮೇಲೆ ಬೆರಳಿಟ್ಟು ತೋರಿಸೋಕಾಗಿದ್ದು? ನಮ್ಮಲ್ಲಾದರೆ ಬೆರಳು ನೇರ ಟೆಸ್ಟಿಂಗ್ ಕಡೆಗೇ.

ಗುಟ್ಟು ಹೇಳ್ತೀನಿ, ಡಾಕ್ಯುಮೆಂಟ್ ಬರೆಯೋದು ನನಗೂ ಪರಮ ಬೋರು. ನಾನೇನು ಪುರಾಣ ಕೇಳ್ತಿಲ್ಲ, ಒಂದು ಪುಟ ಸಾಕು. ಏನು ಮಾಡಬೇಕು, ಈ ಸಲ ಏನು ಮಾಡಲ್ಲ, ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಸ್ಕ್ರೀನ್ ಮೇಲೆ ಏನು ಕಾಣಬೇಕು. 'ಫಾಸ್ಟ್ ಆಗಿರಬೇಕು' ಅಂತ ದಯವಿಟ್ಟು ಬರೆಯಬೇಡಿ, ಅದನ್ನು ಏನಂತ ಟೆಸ್ಟ್ ಮಾಡಲಿ? '10,000 ಸಾಲು 5 ಸೆಕೆಂಡಿನೊಳಗೆ ಇಳಿಯಬೇಕು' ಅನ್ನಿ. ಪಾಸೋ ಫೇಲೋ, ನಿಂತ ನಿಲುವಲ್ಲೇ ಹೇಳ್ತೀನಿ.